ಕಿವಿ ಸೋರುವ ಹುಡುಗಿ

"ಥೂ! ಇದೇನ್ರೀ ಇದು? ಯಾರ ಕಿವಿ ಗುಗ್ಗೆ ಇದು?"

ಚನ್ನಪಟ್ಟಣ ಬಸ್ ನಿಲ್ದಾಣದ ಎದುರಿನ ಆ ಪುಟ್ಟ ಮೊಬೈಲ್ ಅಂಗಡಿಯಲ್ಲಿದ್ದ ಐದಾರು ಜನ ಒಟ್ಟಿಗೇ ತಿರುಗಿ ನೋಡಿದರು.

ನವ್ಯಶ್ರೀ ಎರಡು ಬೆರಳ ತುದಿಯಲ್ಲಿ ಅದನ್ನು ಹಿಡಿದು ಮುಖದಿಂದ ಆದಷ್ಟು ದೂರ ಚಾಚಿದ್ದಳು. ಇಯರ್‌ಫೋನ್ ರಬ್ಬರಿನ ಆಕಾರದಲ್ಲೇ ಇದ್ದ ಮರದ ಪುಟ್ಟ ಬಿರಡೆ. ಅದರ ಅಂಚಿನಲ್ಲಿ ಕಂದು ಬಣ್ಣದ್ದೇನೋ ಮೆತ್ತಿಕೊಂಡಿತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ ಅದು ಅವಳ ಕಿವಿಯೊಳಗೆ ಇರುತ್ತಿತ್ತು... ಅಯ್ಯಪ್ಪಾ!

"ಗುಗ್ಗೆ ಅಲ್ಲ ಕಣ್ರೀ, ಅರಗು," ಎಂದ ಅಂಗಡಿಯ ಕೆಂಪರಾಜು. "ಬೊಂಬೆಗೆ ಬಣ್ಣ ಹಾಕ್ತಾರಲ್ಲ, ಅದು. ಯಾವ ಸೈಜಿನ ರಬ್ಬರ್ ಬೇಕು ಅಂತ ನೋಡಕ್ಕೆ ಮರದಾಗೆ ಅಳತೆ ಮಾಡಿಸಿವ್ನಿ. ಇವತ್ತು ಬಂದಿದ್ದು, ಒಸಿ ಅಂಟ್ಕೊಂಡೈತೆ."

"ಅರಗಂತೆ ಅರಗು! ಈಗ ತಾನೇ ಆ ಅಜ್ಜ ಕಿವಿಗೆ ತುರುಕಿ ತಿರುವಿದ್ದನ್ನ ನಾನು ನೋಡಿಲ್ವಾ?"

"ಅದು ಬ್ಯಾರೆ. ಅದು ಆಗ್ಲೇ ಸ್ಪಿರಿಟ್‌ನಾಗೆ ಬಿದ್ದೈತೆ, ನೋಡಿ."

ಅವನು ತೋರಿಸಿದ ಗಾಜಿನ ಬಾಟಲಿಯೊಳಗೆ ಬಿರಡೆಯ ಸುತ್ತ ಹಳದಿ ಚೂರೊಂದು ತೇಲುತ್ತಿತ್ತು. ನವ್ಯಶ್ರೀಗೆ ಬೆಳಗ್ಗೆ ತಿಂದ ಇಡ್ಲಿ ಗಂಟಲಿಗೆ ಬಂತು.

ಇವಳ ಹೇಸಿಗೆ ಇಂದು ನಿನ್ನೆಯದಲ್ಲ. ಬಸ್ಸಿನ ಕಂಬಿಯನ್ನು ಇವಳು ದುಪಟ್ಟಾ ಸುತ್ತಿಯೇ ಹಿಡಿಯಬೇಕು. ಹೋಟೆಲಿನ ಚಮಚವನ್ನು ಬಿಸಿನೀರಲ್ಲಿ ಅದ್ದದೆ ಬಾಯಿಗಿಟ್ಟವಳಲ್ಲ. ಹೊಂಗನೂರಿನ ರೇಷ್ಮೆ ಬೆಳೆಗಾರರ ಮಗಳು. ಹುಳು ಮನೆಗೆ ಕಾಲಿಡುವ ಮುನ್ನ ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆದು, ಕೈ ತೊಳೆದು, ಪೌಡರ್ ಕೂಡ ಹಚ್ಚಿಕೊಳ್ಳದೆ ಬೆಳೆದವಳು. ಹುಳಕ್ಕೆ ಇರುವ ಮರ್ಯಾದೆ ಮನುಷ್ಯರ ಕಿವಿಗೆ ಬೇಡವೇ?

"ಜನರ ಕಿವಿ ಗಲೀಜು ಒರೆಸಿ ಒರೆಸಿ ಮಾರ್ತೀರಲ್ಲ, ನಾಚಿಕೆ ಆಗಲ್ವಾ?"

ಕೆಂಪರಾಜುವಿನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದವನು ಅವಳ ಬಲಗಿವಿಯನ್ನೇ ನೋಡುತ್ತಾ ನಿಂತುಬಿಟ್ಟ. ಅವನ ಹುಬ್ಬು ಗಂಟಿಕ್ಕಿತು. ಮೂಗೂ ಸ್ವಲ್ಪ ಸುಕ್ಕಾಯಿತು, ಅದನ್ನು ಅವಳು ನೋಡಿದಳು.

"ನಿಮಗೆ ಯಾವ ರಬ್ಬರೂ ಕೊಡಲ್ಲ ನಾನು. ನಿಮ್ ಕಿವಿ ಸೋರ್ತಾ ಐತೆ. ಕೀವು. ಮೊದ್ಲು ಡಾಕ್ಟ್ರಿಗೆ ತೋರ್ಸಿ, ಬ್ಯಾಗ!"

ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಯಾರೋ ಕಿಸಕ್ಕನೆ ನಕ್ಕರು.

ಭೂಮಿ ಬಾಯಿಬಿಡಬಾರದೇ ಎನಿಸಿತು ನವ್ಯಶ್ರೀಗೆ!

ಊರಿನ ಬಸ್ಸು ಹತ್ತಿದವಳು ಕಣ್ಣೀರು ಒರೆಸಿಕೊಳ್ಳುವ ಮೊದಲು ಮೊಬೈಲ್ ತೆಗೆದಳು. ಗೂಡಿನ ರೇಟು ಹಾಕುವ ರೇಷ್ಮೆ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಕಳಿಸಿದಳು. ಅಂಗಡಿಯ ಹೆಸರು, ಜಾಗ, ಗುಗ್ಗೆ ಹತ್ತಿದ ಬಿರಡೆ, ಬಾಟಲಿಯಲ್ಲಿ ತೇಲುತ್ತಿದ್ದ ಚೂರು... ಒಂದನ್ನೂ ಬಿಡಲಿಲ್ಲ. ತನ್ನ ಕಿವಿಯ ವಿಷಯ ಒಂದನ್ನು ಬಿಟ್ಟು.

ಸಂಜೆಯೊಳಗೆ ಅದು ಹತ್ತೂರು ಸುತ್ತಿತು. ಮರುದಿನ ಗೂಡಿನ ರೇಟು ಕೇಳುವವರಿಗಿಂತ "ಥೂ" ಎಂದು ಬರೆದವರೇ ಹೆಚ್ಚು.

*ಆಗ್ಬೇಕು ಅವನಿಗೆ!* ಎಂದುಕೊಂಡಳು ನವ್ಯಶ್ರೀ. ಆದರೆ ಖುಷಿ ಯಾಕೋ ಬರಲಿಲ್ಲ.

ಎರಡು ದಿನ ಕಳೆದು ಬೆಳಗ್ಗೆ ಎದ್ದಾಗ ದಿಂಬಿನ ಮೇಲೆ ಹಸಿರು ಬೆರೆತ ಹಳದಿ ಕಲೆ. ಕೊಳೆತ ಮೊಟ್ಟೆಯ ವಾಸನೆ. ಅದು ತನ್ನದೇ ಎಂದು ತಿಳಿದೊಡನೆ ಅವಳು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಬೇರೆಯವರ ಕೊಳಕಿನಿಂದ ದೂರ ಓಡಬಹುದು, ತನ್ನ ಕಿವಿಯಿಂದ ಎಲ್ಲಿಗೆ ಓಡುವುದು?

"ಭಾನ್ವಾರ ಮರಳವಾಡಿಯೋರು ಹೆಣ್ಣು ನೋಡಕ್ಕೆ ಬತ್ತಾವ್ರೆ," ಎಂದು ತಾಯಿ ಮಾಯಮ್ಮ ಪಿಸುಗುಟ್ಟಿದಳು. "ಸದ್ದಿಲ್ದಂಗೆ ತೋರಿಸ್ಕೊಂಡು ಬಾ. ಕಿವಿ ಸೋರೋ ಹುಡ್ಗಿ ಅಂತ ಗೊತ್ತಾದ್ರೆ ಮುಗೀತು ಕಣೆ!"

ಚನ್ನಪಟ್ಟಣದ ಡಾಕ್ಟರಮ್ಮ ಕಿವಿಗೆ ನಳಿಗೆ ಹಾಕಿ ಎಳೆದೆಳೆದು ತೆಗೆದರು. ಗುಳುಗುಳು ಸದ್ದು, ನಾತ... ಕೊನೆಗೆ ಬಟ್ಟಲಿಗೆ ಟಿಕ್ಕೆಂದು ಬಿದ್ದದ್ದು ಒಂದು ಕಪ್ಪು ಚೂರು.

"ಇದೇನಮ್ಮ, ಒಡೆದ ಮೆಣಸಿನ ಕಾಳಿನ ಥರ?"

ನವ್ಯಶ್ರೀಗೆ ಎರಡನೇ ಸಲ ನೋಡಬೇಕಾಗಲಿಲ್ಲ. ಹುಳದ ಹಿಕ್ಕೆ!

ಹುಳಕ್ಕೆ ಸೊಪ್ಪು ಹಾಕುವಾಗ ಹಾಡು ಕೇಳುವುದು ಅವಳ ಅಭ್ಯಾಸ. ಬಲಗಿವಿಯ ಇಯರ್‌ಫೋನಿನ ರಬ್ಬರ್ ಸಡಿಲ. ದಿನಕ್ಕೆ ಹತ್ತು ಸಲ ಹುಳಗಳ ನಡುವೆ ಬೀಳುತ್ತಿತ್ತು. ಎತ್ತಿ ಮತ್ತೆ ಕಿವಿಗೆ ಒತ್ತಿಕೊಳ್ಳುತ್ತಿದ್ದಳು, ಒಮ್ಮೆಯೂ ತೊಳೆಯಲಿಲ್ಲ. ಬಸ್ಸಿನ ಕಂಬಿ ಕೊಳಕು, ಹೋಟೆಲಿನ ಚಮಚ ಕೊಳಕು, ಊರೆಲ್ಲ ಕೊಳಕು. ಆದರೆ ಹುಳು ಮನೆ? ಅದಕ್ಕಿಂತ ಮಡಿಯಾದ ಜಾಗ ಲೋಕದಲ್ಲಿ ಇಲ್ಲವೆಂದೇ ನಂಬಿ ಬೆಳೆದವಳಿಗೆ ಅಲ್ಲಿ ಬಿದ್ದದ್ದು ಗಲೀಜು ಎನಿಸಲೇ ಇಲ್ಲ.

"ಇನ್ನೊಂದು ವಾರ ಬಿಟ್ಟಿದ್ದರೆ ತಮಟೆ ತೂತಾಗ್ತಿತ್ತು," ಎಂದರು ಡಾಕ್ಟರಮ್ಮ. "ತೋರಿಸು ಅಂತ ಯಾರು ಹೇಳಿದ್ದು?"

"ಒಬ್ಬರು... ಗೊತ್ತಿರೋರು," ಎಂದಳು.

ಬರುವಾಗ ಕಾಲು ತಾನಾಗಿ ಆ ಅಂಗಡಿಯ ಕಡೆ ನಡೆಯಿತು. ಒಬ್ಬ ಗಿರಾಕಿಯೂ ಇಲ್ಲ. ಬಾಗಿಲು ಅರ್ಧ ಎಳೆದಿತ್ತು. ಪಕ್ಕದ ಮಳಿಗೆಯಲ್ಲಿ ಬೊಂಬೆ ಕಡೆಯುವ ಬಾಬಾಜಾನ್ ಲೇತಿನ ಮುಂದೆ ಕೂತಿದ್ದರು. ತಿರುಗುವ ಮರಕ್ಕೆ ಅವರು ಅರಗಿನ ಕಡ್ಡಿ ಒತ್ತಿದಾಗ ಅಂಚಿನಲ್ಲಿ ಕಂದು ಅಂಟು ಉಳಿಯಿತು. ಅದೇ ಬಣ್ಣ... ಅದೇ ಅಂಟು!

"ಕೆಂಪರಾಜು ಇಲ್ವಾ ಚಾಚಾ?"

"ಎಲ್ಲಿ ಇರ್ತಾನೆ ತಂಗಿ? ಯಾರೋ ಹುಡ್ಗಿ ಗುಗ್ಗೆ ಅಂದ್ಬುಟ್ಳಂತೆ, ವ್ಯಾಪಾರ ನಿಂತೋಗೈತೆ. ತಪ್ಪು ನಂದು. ಆಲೆ ಮರದಾಗೆ ಆರು ಅಳತೆ ಕಡ್ದು ಕೊಟ್ಟೆ, ಅಂಚು ಉಜ್ಜೋದು ಮರ್ತೆ. ಒಬ್ಬರ ಕಿವಿಗೆ ಹೋದ ರಬ್ಬರ್ ಇನ್ನೊಬ್ಬರಿಗೆ ಮಾರಬಾರ್ದು ಅಂತ ಅವ್ನ ಹಟ. ಯಾರು ಮಾಡ್ತಾರೆ ಹಿಂಗೆ?"

ನವ್ಯಶ್ರೀಗೆ ಈಗ ತನ್ನ ಮೇಲೇ ಹೇಸಿಗೆಯಾಯಿತು. ಕಿವಿಯ ಕೀವಿಗಿಂತ ತನ್ನ ನಾಲಿಗೆಯೇ ಹೆಚ್ಚು ನಾರುತ್ತಿದೆ ಎನಿಸಿತು.

ಅಲ್ಲೇ ನಿಂತು ಅದೇ ಗುಂಪಿಗೆ ಇನ್ನೊಂದು ವಾಯ್ಸ್ ಕಳಿಸಿದಳು. ಕಳಿಸಿದರೆ ಭಾನುವಾರದ ಸಂಬಂಧ ಗೋವಿಂದ, ಅದು ಅವಳಿಗೆ ಗೊತ್ತಿತ್ತು.

"ನಾನು ಹೊಂಗನೂರಿನ ನವ್ಯಶ್ರೀ. ಅವತ್ತು ನಾನು ಹೇಳಿದ್ದು ಸುಳ್ಳು. ಅದು ಗುಗ್ಗೆ ಅಲ್ಲ, ಬೊಂಬೆ ಅರಗು. ಗಲೀಜಿದ್ದಿದ್ದು ನನ್ನ ಕಿವೀಲಿ. ಕೀವು ಸೋರ್ತಿತ್ತು, ಒಳಗೆ ಹುಳದ ಹಿಕ್ಕೆ ಇತ್ತು. ಅವ್ರು ಹೇಳದೇ ಇದ್ದಿದ್ರೆ ನಾನು ಕಿವುಡಿ ಆಗ್ತಿದ್ದೆ. ಅವರ ಅಂಗಡಿಗೆ ಹೋಗಿ... ದಯವಿಟ್ಟು."

ಮನೆಯಲ್ಲಿ ಮಾಯಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಿನ್ ಬಾಯಿಗೆ ಬೀಗ ಹಾಕಾ! ಊರಿಗೆಲ್ಲಾ ಡಂಗುರ ಸಾರ್ಬುಟ್ಟೆಯಲ್ಲೇ!"

ಮರಳವಾಡಿಯವರ ಫೋನು ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹುಡುಗನ ಜಾತಕ ಸರಿಬರಲಿಲ್ಲವಂತೆ. ಮೂರು ವಾರ ಸರಿಬಂದಿದ್ದ ಜಾತಕ!

ಭಾನುವಾರ ಬೆಳಗ್ಗೆ ಹುಳು ಮನೆಯ ಬಾಗಿಲಲ್ಲಿ ನೀರಿನ ಸದ್ದು. ಸೊಪ್ಪು ಹಾಕುತ್ತಿದ್ದ ನವ್ಯಶ್ರೀ ತಿರುಗಿ ನೋಡಿದಳು.

ಕೆಂಪರಾಜು!

ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಬ್ಲೀಚಿಂಗ್ ನೀರಲ್ಲಿ ಯಾರೂ ಹೇಳದೆಯೇ ಕಾಲು ತೊಳೆಯುತ್ತಿದ್ದ. ಮೊಣಕೈವರೆಗೆ ಕೈಯನ್ನೂ ತೊಳೆದ. ಆದರೂ ಹೊಸ್ತಿಲು ದಾಟದೆ ಹೊರಗೇ ನಿಂತ.

ಹೊರಗೆ ಬಂದವಳಿಗೆ ಮುಖ ಎತ್ತಲಾಗಲಿಲ್ಲ.

"ಕ್ಷಮಿಸಿ ರೀ..."

"ಅಂಗ್ಡಿ ತುಂಬಾ ಜನ ಈಗ. ಎಲ್ರೂ ಅಳತೆ ನೋಡಿ ಅಂತಾರೆ," ಎಂದ ಅವನು ಅಳತೆ ಬಿರಡೆಗಳ ಡಬ್ಬಿ ತೆರೆಯುತ್ತಾ. "ನಿಮ್ದೇ ಬಾಕಿ ಇತ್ತು. ಎಡಗಿವಿ ತೋರ್ಸಿ. ಬಲಗಿವಿ ಒಣಗೋಗಂಟ ಮುಟ್ಟಂಗಿಲ್ಲ."

"ಎರಡೂ ಒಂದೇ ಅಳತೆ ಅಲ್ವಾ?"

"ಎಷ್ಟೋ ಜನಕ್ಕೆ ಒಂದೇ ಇರಲ್ಲ. ಅದಕ್ಕೇ ನಿಮ್ದು ಬಲಗಡೆ ಬೀಳ್ತಿದ್ದಿದ್ದು. ಕಿವಿ ಒಸಿ ಮೇಲಕ್ಕೆಳ್ಕೊಳ್ಳಿ... ಹಾಂ. ಬಿಗೀತಾ ಐತಾ?"

"ಇಲ್ಲ."

"ಹೊರಗಿನ ಸದ್ದು?"

ಹುಳಗಳು ಸೊಪ್ಪು ಮೇಯುವ ಸದ್ದು ಆ ಕಡೆಯಿಂದ ನಿಂತುಹೋಗಿತ್ತು. "ಕಮ್ಮಿ ಆಯ್ತು," ಎಂದಳು.

"ಇದೇ ನಿಮ್ದು. ಮೀಡಿಯಂ. ಬಲಗಡೆಗೆ ಇನ್ನೊಂದಿನ ಬತ್ತೀನಿ."

ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು. "ಅವತ್ತು ನನ್ನ ಕಿವಿ ನೋಡಿ... ನಿಮಗೆ ಹೇಸಿಗೆ ಆಗ್ಲಿಲ್ವಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಆಯ್ತು. ಮದ್ಯಾನ ಮುದ್ದೆ ಸೇರ್ಲಿಲ್ಲ ನಂಗೆ." ಡಬ್ಬಿ ಮುಚ್ಚಿದ. "ಆದ್ರೆ ನೋವು ಎಷ್ಟೈತೋ, ತೋರಿಸ್ಕೊಂಡ್ರೋ ಇಲ್ವೋ ಅಂತ ಅದೇ ಯೋಚ್ನೆ. ಅಂಗ್ಡೀಗೆ ಜನ ಬರ್ದೆ ಇದ್ದಾಗ್ಲೂ ಅದೇ. ಆ ಎರಡ್ನೇ ವಾಯ್ಸ್ ಕೇಳ್ದಾಗ ಇವ್ರೇ ಅಂತ ಅನ್ನಿಸ್ಬುಡ್ತು. ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಐತೆ ನಂಗೆ. ನಿಮ್ಗೆ ಒಪ್ಗೆ ಇದ್ರೆ ಅಮ್ಮಾವ್ರನ್ನ ಕೇಳ್ತೀನಿ."

ನವ್ಯಶ್ರೀಯ ಕಣ್ಣು ತುಂಬಿ ಬಂತು.

"ನಂಗೆ ಲೋಕದಲ್ಲಿ ಎಲ್ಲಾದ್ರ ಮೇಲೂ ಹೇಸಿಗೆ ಕಣ್ರೀ... ನನ್ನ ಜೊತೆ ಬಾಳೋದು ಕಷ್ಟ."

"ಹೇಸ್ಗೆ ಪಡೋರು ಮನೇಲಿ ಒಬ್ರು ಇರ್ಲಿ ಬುಡಿ. ಹೇಸ್ಕೊಂಡು ಬುಟ್ಟೋಗೋರು ಬ್ಯಾಡ."

"ನಾನು ಹೋಗಲ್ಲ," ಎಂದಳು ಅವಳು. "ಅಮ್ಮ ಒಳಗವ್ರೆ, ಕರೀಲಾ?"