ಕನ್ನಡಕದ ಗಾಜಿನಲ್ಲಿದ್ದವಳು

"ಮಚ್ಚೆ ಎಲ್ಲಿ?!"

ಬಾಗಿಲು ತಟ್ಟಬೇಕೆಂಬುದನ್ನೂ ಮರೆತು ಅವಳು ಒಳಗೆ ನುಗ್ಗಿದ್ದಳು. ಕೈಯಲ್ಲಿ ದೊಡ್ಡದೊಂದು ಫೋಟೋ ಪ್ರಿಂಟ್. ಕೋಪ ಮೂಗಿನ ತುದಿಯಲ್ಲಿ.

ಪರದೆ ಎಳೆದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವನು ನಿಧಾನವಾಗಿ ಹೆಡ್‌ಫೋನ್ ತೆಗೆದ. "ಯಾವ ಮಚ್ಚೆ?"

"ಮದುಮಗಳ ಗಲ್ಲದ ಮೇಲಿನ ಮಚ್ಚೆ! ಹುಟ್ಟಿದಾಗಿಂದ ಇರೋದು! ಅವರಮ್ಮ ಬೆಳಿಗ್ಗೆಯಿಂದ ಫೋನ್ ಮಾಡಿ ಪ್ರಾಣ ತಿಂತಿದ್ದಾರೆ. ಇವಳು ನನ್ನ ಮಗಳೇ ಅಲ್ಲ ಅಂತಿದ್ದಾರೆ ಕಣ್ರೀ!"

"ಓ... ಅದಾ?" ಅವನು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದ. "ಲೆನ್ಸ್ ಮೇಲಿನ ಧೂಳು ಅಂದ್ಕೊಂಡೆ."

ಅವಳ ಪಿತ್ತ ನೆತ್ತಿಗೇರಿತು. "ನನ್ನ ಲೆನ್ಸ್ ಮೇಲೆ... ಧೂಳಾ?"

ಇಷ್ಟು ದಿನ ಇಬ್ಬರದೂ ಬರೀ ಫೈಲು ಕಳಿಸುವ, ಫೈಲು ಪಡೆಯುವ ಪರಿಚಯ. ಅವಳು ಮದುವೆಗಳ ಫೋಟೋಗ್ರಾಫರ್. ಬೀಗದ ಕೈ ಮಾಡುವ ಅಂಗಡಿಯ ಮಹಡಿಯಲ್ಲಿ ಅವಳ ಪುಟ್ಟ ಸ್ಟುಡಿಯೋ. ಅವನು ಅವಳು ತೆಗೆದ ಚಿತ್ರಗಳನ್ನು ತಿದ್ದಿ, ತೀಡಿ, ಬೇಡದ್ದನ್ನು ಅಳಿಸಿ ಕೊಡುವವನು. ಮದುಮಗಳಿಗೆ ಮೇಕಪ್ ಮಾಡುವ ಗೆಳತಿ, "ಅವನ ಕೈಗೆ ಕೊಟ್ಟರೆ ಕಣ್ಣು ಮುಚ್ಕೊಂಡಿರಬಹುದು ಕಣೇ" ಎಂದು ಹೊಗಳಿದ್ದಳು.

ಕಣ್ಣು ಮುಚ್ಕೊಂಡಿದ್ದಕ್ಕೇ ಈ ಗತಿ! ಎಂದುಕೊಂಡಳು.

"ನೋಡಿ, ಇನ್ಮೇಲೆ ಯಾರ ಮುಖಕ್ಕೂ ಕೈ ಹಚ್ಚಬೇಡಿ. ಬಣ್ಣ ಸರಿ ಮಾಡಿ. ಎಲ್ಲಾದ್ರೂ ನನ್ನ ನೆರಳು ಬಿದ್ದಿದ್ರೆ, ಕನ್ನಡೀಲೋ ಕಿಟಕೀಲೋ ನಾನು ಕಾಣಿಸಿದ್ರೆ, ಅದನ್ನ ಮಾತ್ರ ಅಳಿಸಿ. ಬೇರೆಯವರ ಮದುವೇಲಿ ನಾನ್ಯಾಕೆ? ಅರ್ಥ ಆಯ್ತಾ?"

"ಸರಿ."

ಅಷ್ಟೇ! ಒಂದು 'ಕ್ಷಮಿಸಿ' ಇಲ್ಲ, ಒಂದು 'ಅಯ್ಯೋ' ಇಲ್ಲ. ಮೆಟ್ಟಿಲು ಇಳಿಯುತ್ತ ಅವಳು ಗೆಳತಿಗೆ ಫೋನ್ ಮಾಡಿದಳು. "ಯಾವ ರಬ್ಬರ್‌ನ ತಂದು ನನ್ನ ತಲೆಗೆ ಕಟ್ಟಿದ್ಯೇ ನೀನು!"

ಅಂದಿನಿಂದ ಅವನ ಹೆಸರು ರಬ್ಬರ್ ಎಂದೇ ಆಯಿತು.

ಆದರೆ ರಬ್ಬರ್ ಕೆಲಸದಲ್ಲಿ ಹುಳುಕು ಹುಡುಕಲು ಮತ್ತೆ ಅವಳಿಗೆ ಸಾಧ್ಯವಾಗಲಿಲ್ಲ. ಅದೇ ಅವಳಿಗೆ ದೊಡ್ಡ ತಲೆನೋವು. ಅವಳು ಉದ್ದುದ್ದ ಸಂದೇಶ ಬರೆದು ಜಗಳ ತೆಗೆದರೆ ಅವನಿಂದ ಬರುತ್ತಿದ್ದುದು ಒಂದೇ ಉತ್ತರ. 'ಸರಿ ಮೇಡಂ.' ಪೆನ್ ಡ್ರೈವ್ ಕೊಡುವ ನೆಪದಲ್ಲಿ ಅವಳು ತಾನೇ ಹೋಗತೊಡಗಿದಳು. ಹೋದವಳು ಕಾಫಿ ಕುಡಿದೇ ಬರತೊಡಗಿದಳು. ಅವನು ಮಾತು ಕಡಿಮೆ ಆಡುತ್ತಿದ್ದ, ಆದರೆ ಅವಳ ಲೋಟಕ್ಕೆ ಸಕ್ಕರೆ ಹಾಕದೆ ಕೊಡುವುದನ್ನು ಯಾರೂ ಹೇಳದೆಯೇ ಕಲಿತಿದ್ದ.

"ನಿನಗೆ ಅವನು ಇಷ್ಟ" ಎಂದಳು ಗೆಳತಿ.

"ಹುಚ್ಚಾ ನಿನಗೆ? ಆ ಕಲ್ಲುಗುಂಡಾ? ನನ್ನ ಮುಖವನ್ನ ಅವನು ನೆಟ್ಟಗೆ ನೋಡಿದ್ದೇ ಇಲ್ಲ!"

ಹೇಳಿದ ಮೇಲೆ ಅವಳಿಗೇ ಅನ್ನಿಸಿತು... ನೋಡಿಲ್ಲ ಅಂತ ನನಗ್ಯಾಕೆ ಇಷ್ಟು ಸಂಕಟ?

ಅವಳನ್ನು ನೋಡದವರ ಸಾಲಿನಲ್ಲಿ ಅವನೊಬ್ಬನೇ ಇರಲಿಲ್ಲ. ಮನೆಯವರೂ ಇದ್ದರು ಎಂಬುದು ಅವಳ ಹಳೆಯ ದುಃಖ. ಪ್ರವಾಸ ಹೊರಟರೆ ಸಾಕು, ಅಪ್ಪ, ಅಮ್ಮ, ಅಕ್ಕ ಎಲ್ಲರೂ ಸಾಲಾಗಿ ನಿಂತುಬಿಡುತ್ತಿದ್ದರು. "ನೀನೇ ತೆಗಿಯೇ, ನೀನು ತೆಗೆದ ಹಾಗೆ ಯಾರು ತೆಗೀತಾರೆ?" ಬೆಟ್ಟದ ತುದಿ, ಬಸ್ಸಿನ ಕಿಟಕಿ, ಸಮುದ್ರದ ದಂಡೆ... ಎಲ್ಲ ಕಡೆ ಅವರಿದ್ದರು. ಅವಳು ಎಲ್ಲೂ ಇರಲಿಲ್ಲ.

ಬಾಯಿಬಿಟ್ಟು ಕೇಳಲು ಸ್ವಾಭಿಮಾನ ಅಡ್ಡ ಬಂತು. ಹಾಗಾಗಿ ಅವಳು ತನ್ನದೇ ಒಂದು ದಾರಿ ಕಂಡುಕೊಂಡಳು. ಅಪ್ಪನ ಕನ್ನಡಕದ ಗಾಜಿನಲ್ಲಿ ತಾನು ಚಿಕ್ಕದಾಗಿ ಮೂಡುವ ಹಾಗೆ ನಿಲ್ಲುವುದು. ಅಮ್ಮನ ಕಾಲ ಬಳಿ ಮರಳಿನ ಮೇಲೆ ತನ್ನ ನೆರಳು ಬೀಳುವ ಹಾಗೆ ನೋಡಿಕೊಳ್ಳುವುದು. ಅಕ್ಕ ಬಸ್ಸಿನಲ್ಲಿ ನಿದ್ದೆ ಹೋದಾಗ ಕಿಟಕಿಯ ಗಾಜಿನಲ್ಲಿ ಅವಳ ಪಕ್ಕ ತಾನೂ ಇರುವುದು. ಇದು ಯಾರಿಗೂ ಗೊತ್ತಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ.

ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವ ಹತ್ತಿರ ಬಂದಾಗ ಅಕ್ಕ ಫರ್ಮಾನು ಹೊರಡಿಸಿದಳು. "ನಮ್ಮ ಪ್ರವಾಸದ್ದೆಲ್ಲ ಸೇರಿಸಿ ಒಂದು ಆಲ್ಬಮ್ ಮಾಡ್ಸು. ನಿನಗೇನು, ಮನೆ ಕೆಲಸ!"

ಅದು ಮದುವೆಗಳ ಸೀಸನ್. ಅವಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಚಿತ್ರಗಳನ್ನು ಆರಿಸಿ ರಬ್ಬರ್ ಕೈಗೆ ಕೊಟ್ಟು, ಬಾಗಿಲಲ್ಲೇ ನಿಂತು ಹೇಳಿದಳು. "ಎಂದಿನ ಹಾಗೆ ಮಾಡಿ ನೇರ ಪ್ರಿಂಟ್‌ಗೆ ಕಳಿಸ್ಬಿಡಿ. ನನಗೆ ತೋರಿಸ್ತಾ ಕೂರಬೇಡಿ."

ಅವನು ಏನೋ ಕೇಳಲು ಬಾಯಿ ತೆರೆದ. ಅವಳು ಆಗಲೇ ಮೆಟ್ಟಿಲಲ್ಲಿದ್ದಳು.

ಆಲ್ಬಮ್ ಬಂತು. ಮನೆಯ ಸೋಫಾದ ಮೇಲೆ ಎಲ್ಲರೂ ಒತ್ತೊತ್ತಿ ಕೂತರು. ಅವಳು ಹಿಂದೆ ನಿಂತು ಬಗ್ಗಿ ನೋಡಿದಳು. ಅಪ್ಪನ ದೊಡ್ಡ ನಗುಮುಖದ ಪುಟ ಬಂತು. ಕನ್ನಡಕದ ಗಾಜಿನಲ್ಲಿ ಶುಭ್ರವಾದ ಆಕಾಶ. ಬರೀ ಆಕಾಶ.

ಅವಳು ಇನ್ನೂ ಹತ್ತಿರಕ್ಕೆ ಬಗ್ಗಿದಳು.

ಮರಳಿನ ಮೇಲೆ ನೆರಳಿಲ್ಲ. ಬಸ್ಸಿನ ಕಿಟಕಿಯಲ್ಲಿ ಬರೀ ಹೊಲ. ಪುಟ ತಿರುವಿದಂತೆಲ್ಲ ಅವಳು ಒಂದೊಂದಾಗಿ ಕಾಣೆಯಾಗುತ್ತ ಹೋದಳು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅಲ್ಲಿ ಯಾರೋ ಇದ್ದರೆಂಬ ಗುರುತೂ ಉಳಿದಿರಲಿಲ್ಲ.

ಅಮ್ಮ ಕಣ್ಣೊರೆಸಿಕೊಂಡಳು. "ಎಷ್ಟು ಚೆನ್ನಾಗಿದೆ! ನಾವೆಲ್ಲ ಇದೀವಿ!"

ನಾವೆಲ್ಲ...

ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

"ಒಂದೂ ಬಿಡದೆ ಅಳಿಸಿದ್ದೀರಿ!" ಅವಳು ಕೂಗುತ್ತಲೇ ರಬ್ಬರ್ ಕೋಣೆಗೆ ನುಗ್ಗಿದಳು.

"ನೀವೇ ಹೇಳಿದ್ರಲ್ಲ ಮೇಡಂ... ನಿಮ್ಮ ನೆರಳು, ನಿಮ್ಮ..."

"ಅದು ಕೆಲಸದ ಫೋಟೋಗೆ! ಇದು ನನ್ನ ಮನೆ ರೀ! ನನ್ನ ಅಪ್ಪ, ನನ್ನ ಅಮ್ಮ! ಅಲ್ಲಾದ್ರೂ ನಾನು ಇರಬಾರ್ದಾ?"

ಅವನು ಕುರ್ಚಿಯಿಂದ ಎದ್ದ. "ಒರಿಜಿನಲ್ ಎಲ್ಲ ಇದೆ. ಮತ್ತೆ ಪ್ರಿಂಟ್ ಹಾಕಿಸ್ತೀನಿ. ನಾಳೇನೇ..."

"ಬೇಡ! ನಾನಿಲ್ಲ ಅಂತ ಮನೇಲಿ ಯಾರಿಗೂ ಗೊತ್ತೇ ಆಗ್ಲಿಲ್ಲ. ಅದಕ್ಕೆ ಯಾವ ಪ್ರಿಂಟ್ ಹಾಕಿಸ್ತೀರಾ ನೀವು?"

ಅವನು ಏನಾದರೂ ಹೇಳಲಿ ಎಂದು ಅವಳು ಕಾದಳು. ದೇವರೇ, ಇವತ್ತಾದರೂ ಒಂದು ಮಾತು ಆಡಲಿ ಎಂದು ಕಾದಳು.

ಅವನು ತಲೆ ತಗ್ಗಿಸಿದ. "...ಸರಿ."

"ಏನು ಸರಿ? ಯಾವುದು ಸರಿ? ಇನ್ಮೇಲೆ ನನ್ನ ಯಾವ ಫೈಲೂ ನಿಮ್ಮ ಹತ್ರ ಬರಲ್ಲ!"

ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಆಮೇಲಿನ ದಿನಗಳ ಕಥೆ ಕೇಳಬೇಡಿ. ಹೊಸಬನೊಬ್ಬ ಸಿಕ್ಕಿದ. ಅವನ ಕೈಯಲ್ಲಿ ಎಲ್ಲ ಮದುವಣಗಿತ್ತಿಯರೂ ಅಂಗಡಿಯ ಬೊಂಬೆಗಳಾಗಿ ಹೊರಬಂದರು. ಇವಳು ಫೋನ್ ಸದ್ದಾದಾಗಲೆಲ್ಲ ಹಾರಿ ಎತ್ತಿಕೊಂಡು, ಅವನದಲ್ಲವೆಂದು ಗೊತ್ತಾದಾಗ ಕರೆ ಮಾಡಿದವರ ಮೇಲೆಲ್ಲ ಹರಿಹಾಯ್ದಳು. "ನೀನಾಗೇ ಹೋಗಿ ಮಾತಾಡು" ಎಂದ ಗೆಳತಿಯ ಜೊತೆಗೂ ಮುಖ ಊದಿಸಿಕೊಂಡಳು.

ಅಷ್ಟರಲ್ಲಿ ಮನೆಯವರು ಮತ್ತೊಂದು ಪ್ರವಾಸ ಗೊತ್ತುಮಾಡಿದರು. ರೈಲಿನಲ್ಲಿ ಹೋಗಿ ದೊಡ್ಡ ಸರೋವರವೊಂದನ್ನು ನೋಡಿ ಬರುವುದು. ಅವಳಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ. ಕ್ಯಾಮೆರಾ ಬ್ಯಾಗ್ ಹೆಗಲಿಗೇರಿಸಿ ಪ್ಲಾಟ್‌ಫಾರ್ಮಿಗೆ ಬಂದವಳು ಅಲ್ಲೇ ಕಲ್ಲಿನಂತೆ ನಿಂತಳು.

ಅಮ್ಮನ ಬ್ಯಾಗ್ ಹಿಡಿದುಕೊಂಡು ನಿಂತಿದ್ದಾನೆ... ರಬ್ಬರ್!

"ಇವರ್ಯಾಕೆ ಇಲ್ಲಿ?"

"ನಾನೇ ಕರೆದೆ" ಎಂದಳು ಅಮ್ಮ. "ಕಿರುಚಬೇಡ, ಜನ ನೋಡ್ತಾರೆ."

ರೈಲು ಹೊರಟಿತು. ಅವನು ಆಚೆ ತುದಿಯಲ್ಲಿ ಅಪ್ಪನ ಪಕ್ಕ ಮುದುಡಿ ಕೂತ. ಅಮ್ಮ ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಅವನು ಮನೆಗೆ ಬಂದಿದ್ದ ಕಣೇ. ನೀನು ಕೆಲಸಕ್ಕೆ ಹೋಗಿದ್ದೆ. ಕಂಪ್ಯೂಟರ್ ತೆರೆದು ಹಳೇ ಫೋಟೋನೆಲ್ಲ ಇಟ್ಟು, ಇದರಲ್ಲಿ ನಿಮ್ಮ ಮಗಳು ಎಲ್ಲಿದ್ದಾರೆ ಹುಡುಕಿ ಅಂದ. ನಮಗೆ ಒಂದರಲ್ಲೂ ಸಿಗ್ಲಿಲ್ಲ. ಅವನೇ ದೊಡ್ಡದು ಮಾಡಿ ಮಾಡಿ ತೋರಿಸ್ದ. ನಿಮ್ಮಪ್ಪ ಅವತ್ತು ಊಟ ಮಾಡ್ಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು.

"ಯಾಕಮ್ಮಾ... ಒಂದ್ಸಲನೂ ನಿಮಗೆ ನಾನಿಲ್ಲ ಅನ್ನಿಸ್ಲಿಲ್ವಾ?"

ಅಮ್ಮ ಅವಳ ಬೆರಳುಗಳನ್ನು ಸವರಿದಳು. "ಹೇಗೆ ಅನ್ಸುತ್ತೆ? ಆ ಫೋಟೋಗಳಲ್ಲೆಲ್ಲ ನಾವು ನಗ್ತಾ ನಿನ್ನನ್ನೇ ನೋಡ್ತಿದ್ದೀವಿ. ಅದನ್ನ ಮತ್ತೆ ನೋಡುವಾಗ ನೀನು ಎದುರಿಗೇ ನಿಂತ ಹಾಗಿರುತ್ತೆ. ನೀನಿಲ್ಲ ಅಂತ ತಲೆಗೇ ಹೋಗಲ್ಲ... ತಪ್ಪಾಯ್ತು ಮಗಳೇ. ಬಾಯಿಬಿಟ್ಟು ಬೈಬೇಕಿತ್ತು ನೀನು. ಊರಿಗೆಲ್ಲ ಬೈತೀಯ, ನಮಗೆ ಬೈಯೋಕೆ ಏನಾಗಿತ್ತು?"

ಅವಳು ಅಳುತ್ತಲೇ ನಕ್ಕಳು.

"ಇವತ್ತು ನೀನು ಕ್ಯಾಮೆರಾ ಮುಟ್ಟೋ ಹಾಗಿಲ್ಲ" ಎಂದು ಅಕ್ಕ ಎದುರು ಸೀಟಿನಿಂದ ಘೋಷಿಸಿದಳು. "ಅವರು ತೆಗೀತಾರೆ."

ಅಯ್ಯೋ, ಅವನು ಫೋಟೋ ತೆಗೆಯುವ ಚಂದವೋ! ಲೋಕದ ಚಿತ್ರಗಳನ್ನೆಲ್ಲ ತಿದ್ದುವವನಿಗೆ ಕ್ಯಾಮೆರಾ ಹಿಡಿಯಲು ಬರುತ್ತಿರಲಿಲ್ಲ. ಮೊದಲ ಚಿತ್ರದಲ್ಲಿ ಅವನ ಹೆಬ್ಬೆರಳು. ಎರಡನೆಯದರಲ್ಲಿ ಎಲ್ಲರ ಕಾಲುಗಳು. ಸರೋವರದ ದೋಣಿಕಟ್ಟೆಯ ಮೇಲೆ ಮನೆಯವರೆಲ್ಲ ಸಾಲಾಗಿ ನಿಂತಾಗ, ನಡುವೆ ನಿಂತ ಅವಳಿಗೆ ಸಹನೆ ಮೀರಿತು.

"ಬೆಳಕು ನಮ್ಮ ಬೆನ್ನ ಹಿಂದಿದೆ ರೀ! ಎಲ್ಲರ ಮುಖ ಮಂಕಾಗಿ ಬರುತ್ತೆ. ಈ ಕಡೆ ಬನ್ನಿ. ಅಲ್ಲ, ಈ ಕಡೆ! ಮೊಣಕೈ ಹತ್ರ ಇಟ್ಕೊಳ್ಳಿ. ಅಪ್ಪನ ತಲೆ ಕತ್ತರಿಸ್ತಿದ್ದೀರಾ ನೋಡಿ! ಕೊಡಿ ಇಲ್ಲಿ, ನಾನೇ..."

"ಮೇಡಂ! ಒಂದು ನಿಮಿಷ ಬಾಯಿ ಮುಚ್ಕೊಂಡು ನಿಂತ್ಕೋತೀರಾ?!"

ಅಪ್ಪ, ಅಮ್ಮ, ಅಕ್ಕ ಮೂವರೂ ಬೆಚ್ಚಿ ನೋಡಿದರು. ರಬ್ಬರ್ ದನಿ ಏರಿಸಿದ್ದು ಅದೇ ಮೊದಲು. ಏರಿಸಿದವನಿಗೇ ಗಾಬರಿಯಾಗಿತ್ತು. ಆದರೆ ಈಗ ನಿಲ್ಲಿಸಿದರೆ ಜೀವಮಾನದಲ್ಲಿ ಮತ್ತೆ ಮಾತು ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ನಿಮ್ಮಪ್ಪನ ಕನ್ನಡಕದಲ್ಲಿ ನೀವು ಅಕ್ಕಿಕಾಳಿನಷ್ಟಿದ್ರಿ. ಅಷ್ಟನ್ನ ಅಳಿಸೋಕೆ ನನಗೆ ಇಡೀ ಮಧ್ಯಾಹ್ನ ಬೇಕಾಯ್ತು. ಕೆಲಸ ಕಷ್ಟ ಅಂತಲ್ಲ... ಅಳಿಸಿದ್ರೆ ಹೋಗ್ಬಿಡ್ತೀರಲ್ಲ ಅಂತ. ದೊಡ್ಡದು ಮಾಡೋದು, ನೋಡೋದು, ಮತ್ತೆ ಚಿಕ್ಕದು ಮಾಡೋದು. ಇದೇ ಆಗಿತ್ತು."

ಅವಳ ಕಣ್ಣು ಮಂಜಾಯಿತು. "ಹಾಗಿದ್ರೆ... ಒಂದು ಮಾತು ನನ್ನ ಕೇಳಬಹುದಿತ್ತಲ್ಲ? ಅಳಿಸ್ಲಾ ಬೇಡ್ವಾ ಅಂತ?"

"ಹೇಗೆ ಕೇಳಲಿ? ಕೇಳಿದ್ರೆ, ನಾನು ಅಷ್ಟು ಹೊತ್ತು ನಿಮ್ಮನ್ನೇ ನೋಡ್ತಾ ಕೂತಿದ್ದೆ ಅಂತ ನಿಮಗೆ ಗೊತ್ತಾಗ್ತಿತ್ತು. ನೀವು ಎದುರಿಗೆ ಬಂದ್ರೆ ತಲೆ ಎತ್ತೋಕೂ ಆಗಲ್ಲ ನನಗೆ. ಪರದೆ ಮೇಲಾದ್ರೆ ಧೈರ್ಯವಾಗಿ ನೋಡಬಹುದಿತ್ತು. ನನಗೆ ನೀವು ಅಂದ್ರೆ... ಇಷ್ಟ ಮೇಡಂ. ಬೈದ ಮೊದಲ ದಿನದಿಂದ."

ಗಾಳಿಗೆ ದೋಣಿಗಳು ಒಂದಕ್ಕೊಂದು ತಾಗಿದವು. ಅಪ್ಪ ಮೆಲ್ಲಗೆ ಕೆಮ್ಮಿದರು. "ಫೋಟೋ ತೆಗೀತಾರೋ ಇಲ್ವೋ? ನನಗೆ ಕಾಲು ನೋವು."

"ಸುಮ್ನಿರಿ ಅಪ್ಪ!" ಅಕ್ಕ ಗದರಿದಳು. "ಇಷ್ಟು ಮಾತು ಆಡೋಕೆ ಇವರಿಗೆ ಎಷ್ಟು ಕಾಲ ಹಿಡೀತೋ! ನೀನೇನು ಕಂಬದ ಹಾಗೆ ನಿಂತಿದ್ದೀಯಲ್ಲೇ, ಉತ್ತರ ಕೊಡು!"

ಅವಳಿಗೆ ಅಳು ಬಂತು, ನಗು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟೆಲ್ಲ ಒಳಗಿಟ್ಟುಕೊಂಡು ಆ ದಿನ ಒಂದೇ ಒಂದು ಒಣ 'ಸರಿ' ಹೇಳಿ ಕಳಿಸಿದನಲ್ಲ ಈ ಮನುಷ್ಯ! ನಾನು ಅಷ್ಟು ರಾತ್ರಿಗಳು ದಿಂಬು ಒದ್ದೆ ಮಾಡಿಕೊಂಡೆನಲ್ಲ!

"ಈಗ ಹೇಳ್ತಿದ್ದೀರಾ ಇದನ್ನ? ಅಪ್ಪ ಅಮ್ಮನ ಎದುರಿಗೆ? ಅದೂ ಬೆಳಕಿಗೆ ಎದುರಾಗಿ ಕ್ಯಾಮೆರಾ ಹಿಡ್ಕೊಂಡು? ನಿಮಗೇನಾದ್ರೂ..."

ಕ್ಲಿಕ್!

ಗಾಬರಿಯಲ್ಲಿ ಅವನ ಬೆರಳು ತಾನಾಗಿಯೇ ಒತ್ತಿಬಿಟ್ಟಿತ್ತು.

ಅವಳು ದಡದಡನೆ ಹೋಗಿ ಅವನ ಪಕ್ಕ ನಿಂತು ಕ್ಯಾಮೆರಾದ ಹಿಂಬದಿಗೆ ಬಗ್ಗಿದಳು. ಸರೋವರ ಓರೆಯಾಗಿತ್ತು. ಅಪ್ಪ ಕಾಲು ನೋಡಿಕೊಳ್ಳುತ್ತಿದ್ದರು. ಅಕ್ಕನ ಕಣ್ಣು ಮುಚ್ಚಿತ್ತು. ಅಮ್ಮ ಅಕ್ಕನ ಕಡೆ ತಿರುಗಿದ್ದಳು. ನಡುವೆ ಅವಳು, ಮೂಗು ಕೆಂಪಗೆ, ಬಾಯಿ ಅಗಲಕ್ಕೆ ತೆರೆದು, ಕೆನ್ನೆಯ ಮೇಲೆ ನೀರು.

"ಇಷ್ಟು ಕೆಟ್ಟ ಫೋಟೋ ನನ್ನ ಜನ್ಮದಲ್ಲಿ ನೋಡಿಲ್ಲ" ಎಂದಳು.

"ಕ್ಷಮಿಸಿ ಮೇಡಂ... ಇನ್ನೊಂದು ತೆಗೀತೀನಿ."

"ಬೇಡ." ಅವಳು ಕಣ್ಣೊರೆಸಿಕೊಂಡಳು. ದನಿ ಸಣ್ಣದಾಯಿತು. "ಉತ್ತರ ಬೇಕಲ್ವಾ ನಿನಗೆ? ಅದರಲ್ಲೇ ಇದೆ. ಎಲ್ಲರೂ ಒಂದೊಂದು ಕಡೆ ನೋಡ್ತಿದ್ದಾರೆ. ನಾನು ಯಾರನ್ನ ನೋಡ್ತಿದ್ದೀನಿ, ಸರಿಯಾಗಿ ನೋಡು."

ಅವನು ಚಿತ್ರವನ್ನು ದೊಡ್ಡದು ಮಾಡಿದ. ಅವಳ ಒದ್ದೆ ಕಣ್ಣುಗಳು ನೇರ ಅವನನ್ನೇ ನೋಡುತ್ತಿದ್ದವು. ಆಮೇಲೆ ಅವನು ಮೆಲ್ಲಗೆ ತಲೆ ಎತ್ತಿ, ಪರದೆಯನ್ನು ಬಿಟ್ಟು, ಪಕ್ಕದಲ್ಲಿ ನಿಂತ ಅವಳ ಮುಖವನ್ನೇ ನೆಟ್ಟಗೆ ನೋಡಿದ.

ಅವಳ ಕೆನ್ನೆ ಬಿಸಿಯಾಯಿತು. "ನೋಡಿದ್ದು ಆಯ್ತಾ?"

"ಇಲ್ಲ" ಎಂದ ಅವನು. "ಇನ್ನೂ ತುಂಬಾ ಇದೆ."