ಚಾಮುಂಡಿ ಕಚ್ಚಿದ ಅಂಚು

ಬೂದಿನೀರಿನಲ್ಲಿ ಬೆಂದ ಬಟ್ಟೆಗೆ ಅದರದೇ ಒಂದು ವಾಸನೆ ಇರುತ್ತದೆ. ಸೌದೆಯ ಹೊಗೆ, ಹುಳಿ ಬಂದ ಗಂಜಿ, ಒದ್ದೆ ಕಲ್ಲು, ಮೂರನ್ನೂ ಕಲೆಸಿದ ಹಾಗೆ. ವಿನೋದಾ ಆರೇಳು ವರ್ಷದವಳಿದ್ದಾಗ, ಉಡುಪಿಯ ಬಾಡಿಗೆ ಮನೆಯ ಹಿಂಬಾಗಿಲಲ್ಲಿ, ಬಟ್ಟೆ ಒಗೆಯುವ ಹೆಂಗಸು ಆ ವಾಸನೆಯನ್ನು ಮೈತುಂಬ ಹೊತ್ತು ನಿಂತಿರುತ್ತಿದ್ದಳು. ಮನೆಮಂದಿಯೆಲ್ಲ ಉಂಡು, ಕೈತೊಳೆದು, ಎಲೆ ಎತ್ತಿದ ಮೇಲೆ ಉಳಿದದ್ದು ಅವಳಿಗೆ. ಉಳಿಯದ ದಿನ ಬಾಗಿಲು ಹಾಕಿಕೊಳ್ಳುತ್ತಿತ್ತು, ಅಷ್ಟೆ. ವಿನೋದಾ ಮೂಗು ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳು.

ಮೂವತ್ತೈದು ವರ್ಷಗಳ ಮೇಲೆ, ಮಲೇಷ್ಯಾದ ನಿಲಾಯ್ ಊರಿನಲ್ಲಿ, ಐತಪ್ಪನ ಮೆಸ್ಸಿನ ಹಿಂದಿನ ಕೋಣೆಯಲ್ಲಿ ಒಂದು ತಗಡಿನ ಪೆಟ್ಟಿಗೆಯ ಮುಚ್ಚಳ ತೆರೆದಾಗ ಅದೇ ವಾಸನೆ ಅವಳ ಮುಖಕ್ಕೆ ಬಡಿಯಿತು. ಕೈ ತಾನಾಗಿಯೇ ಮೂಗಿಗೆ ಹೋಯಿತು.

"ಇದು ಬೇಡ ಮೇಡಮ್," ಎಂದಳು ಜಲಜಾ.

ಜಲಜಾ ಐತಪ್ಪನ ಹೆಂಡತಿ. ಬೆಳಿಗ್ಗೆ ವಿಶ್ವವಿದ್ಯಾಲಯದಲ್ಲಿ ವಿನೋದಾಳ ವಿಭಾಗವನ್ನು ಗುಡಿಸಿ ಒರೆಸುವವಳು, ಮಧ್ಯಾಹ್ನ ಗಂಡನ ಮೆಸ್ಸಿನಲ್ಲಿ ಬಡಿಸುವವಳು. ವಿನೋದಾ ಅಲ್ಲಿ ಚರಿತ್ರೆಯ ಉಪನ್ಯಾಸಕಿಯಾಗಿ ಬಂದು ಮೂರು ತಿಂಗಳಾಗಿತ್ತು. ಮಧ್ಯಯುಗದ ಇಂಗ್ಲೆಂಡಿನ ಮನೆಬಳಕೆಯ ಬಟ್ಟೆಗಳು ಅವಳ ವಿಷಯ. ಮೇಜಿಗೆ ಹಾಸುವುದು, ಕೈ ಒರೆಸುವುದು, ರೊಟ್ಟಿ ಮುಚ್ಚುವುದು, ಹಾಲು ಸೋಸುವುದು. ಹಾಸಿಗೆಯ ಮೇಲಿದ್ದ ಲಿನನ್ ಹಳತಾಗಿ, ಹರಿದು, ಕೂಸಿನ ಸುತ್ತುಬಟ್ಟೆಯಾಗಿ, ಕಡೆಗೆ ಪಾತ್ರೆ ಒರೆಸುವ ಚಿಂದಿಯಾಗುವವರೆಗಿನ ಕತೆಯನ್ನು ಅವಳು ಕಣ್ಣಿಗೆ ಕಟ್ಟುವಂತೆ ಹೇಳಬಲ್ಲಳು. ಬಟ್ಟೆಯ ಮೇಲೆ ಅವಳಿಗಿದ್ದ ಮಮತೆ ಅದನ್ನು ಒಗೆದ ಕೈಗಳ ಮೇಲೆ ಮಾತ್ರ ಇರಲಿಲ್ಲ.

ಗುರುವಾರ ವಿದ್ಯಾರ್ಥಿಗಳ ಮುಂದೆ ಒಂದು ಮಧ್ಯಯುಗದ ಔತಣ ನಡೆಸಿ ತೋರಿಸುವುದಿತ್ತು. ಅದಕ್ಕೆ ಹಳೆಯ ಮೇಜುಬಟ್ಟೆ ಬೇಕೆಂದು ಎಲ್ಲೆಡೆ ಕೇಳಿದ್ದಳು. ತನ್ನ ಮನೆಯಲ್ಲೊಂದು ಇದೆ ಎಂದು ಬಾಯಿಬಿಟ್ಟವನು ಐತಪ್ಪನೇ.

"ಪ್ರೊಫೆಸರಮ್ಮ ಮನೆಗೇ ಬಂದು ಕೇಳ್ತಿದ್ದಾರೆ, ಇಲ್ಲ ಅನ್ಲಿಕ್ಕಾಗ್ತದಾ ಮಾರಾಯ್ತಿ?" ಎಂದ ಅವನು ಹೆಂಡತಿಗೆ. "ಹೇಳುವುದನ್ನು ಹೇಳು. ಕೇಳುವುದು ಬಿಡುವುದು ಅವರಿಗೆ ಬಿಟ್ಟದ್ದು."

ಬೇವಿನೆಲೆಗಳ ನಡುವೆ ಮಡಚಿಟ್ಟಿದ್ದ ಬಟ್ಟೆಯನ್ನು ವಿನೋದಾ ಎತ್ತಿ ಬಿಡಿಸಿದಳು. ಹದಿನಾರು ಅಡಿ ಉದ್ದದ ಅಪ್ಪಟ ಲಿನನ್. ಒಂದು ಅಂಚಿನಲ್ಲಿ ಮಾತ್ರ ಸಣ್ಣ ತೂತುಗಳ ಸಾಲು, ಅರ್ಧಚಂದ್ರದ ಹಾಗೆ ಬಾಗಿದ್ದು.

"ಇಲಿ ಕಚ್ಚಿದ್ದಾ?"

"ಅಲ್ಲ. ನಮ್ಮವರ ಅಜ್ಜಿ." ಜಲಜಾಳ ದನಿ ಇಳಿಯಿತು. "ಚಾಮುಂಡಿ ಅಂತ ಹೆಸರು. ರಬ್ಬರ್ ತೋಟದ ದೊರೆಯ ಬಂಗಲೆಯಲ್ಲಿ ಬಟ್ಟೆ ಒಗೀತಿದ್ರು. ರಬ್ಬರಿನ ಬೆಲೆ ಬಿದ್ದು ಕೂಲಿಯವರಿಗೆ ಅಕ್ಕಿ ನಿಂತ ವರ್ಷ. ಬಂಗಲೆಯಲ್ಲಿ ಮಾತ್ರ ದೊಡ್ಡ ಊಟ. ಮೂರು ದಿನದಿಂದ ಹೊಟ್ಟೆಗಿಲ್ಲದವರ ಕೈಲಿ ಇದನ್ನ ಒಗೆಸಿದ್ರು. ನಾವು ಉಂಡ ಮೇಲೆ ಕೊಡ್ತೇವೆ, ಕಾಯ್ತಾ ಇರು ಅಂದ್ರು. ಉಂಡಾಯ್ತು. ಬಟ್ಟೆ ಮತ್ತೆ ಒಗೀಲಿಕ್ಕೆ ಬಂತು, ಅನ್ನ ಬರ್ಲಿಲ್ಲ. ಅದು ನಾಯಿಗೆ ಹೋಯ್ತು. ಸಂಜೆ ನೋಡಿದ್ರೆ ಒಗೆಯುವ ಕಲ್ಲಿನ ಮೇಲೆ ಈ ಅಂಚು ಕಚ್ಚಿಕೊಂಡೇ ಜೀವ ಹೋಗಿತ್ತು."

"ಪಾಪ," ಎಂದಳು ವಿನೋದಾ, ಕಣ್ಣು ನೇಯ್ಗೆಯ ಮೇಲೆಯೇ ಇತ್ತು.

"ಅವರ ತಾಯಿ ಮಂತ್ರವಾದಿಯನ್ನ ಕರೆಸಿ, ಮಗಳ ಹಸಿವನ್ನ ಇದಕ್ಕೇ ಕಟ್ಟಿಸಿದ್ರು. ಹದಿನೈದು ದಿನಕ್ಕೆ ದೊರೆಸಾನಿ ಕಿಟಕಿಯ ಪರದೆ ತಿನ್ಲಿಕ್ಕೆ ಶುರು ಮಾಡಿದ್ರಂತೆ. ಆಮೇಲೆ ಬಂಗಲೆಯವರು ಇದನ್ನ ವಾಪಸ್ ಕಳಿಸಿದ್ರು. ಈಗ ಸುಡ್ಲಿಕ್ಕೂ ಹೆದರಿಕೆ, ಬಿಸಾಡ್ಲಿಕ್ಕೂ ಹೆದರಿಕೆ. ಹಾಸಲೇಬೇಕಾದ್ರೆ ಒಂದು ಮಾತು ನೆನಪಿಡಿ ಮೇಡಮ್. ಒಗೆದವರು ಉಣ್ಣುವ ಮೊದಲು ಇದರ ಮೇಲೆ ಯಾರೂ ಉಣ್ಣಬಾರದು. ಹಾಸಿಸಿದವರೇ ಕೈಯಾರೆ ಕೊಡಬೇಕು. ಎಂಜಲಲ್ಲ. ಮೊದಲ ತುತ್ತು."

ವಿನೋದಾ ನಕ್ಕಳು. "ಇದು ಮಾಟ ಅಲ್ಲ ಜಲಜಾ, ಕಾರ್ಮಿಕರ ಸಂಘದ ಬೇಡಿಕೆ. ಹಸಿದ ಜನ ಕಟ್ಟಿದ ಕತೆ. ಕಟ್ಟಿದವರಿಗೆ ತಲೆ ಇತ್ತು."

ಐತಪ್ಪ ಬಟ್ಟೆಯನ್ನು ಮಡಚಿ, ಮಳೆ ತಾಗದಿರಲೆಂದು ಹೊಸ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟ. ವಿನೋದಾ ಒಂದೇ ಕೈಯಲ್ಲಿ ತೆಗೆದುಕೊಂಡಳು.

ಗುರುವಾರ ಬೆಳಿಗ್ಗೆ ಅವಳು ಅದನ್ನು ಒಗೆಯಲು ಜಲಜಾಳಿಗೇ ಕೊಟ್ಟಳು. "ಸೋಪು ಮುಟ್ಟಿಸಬೇಡ. ಬೂದಿನೀರೇ ಆಗಬೇಕು, ಆ ಕಾಲದಲ್ಲಿ ಹಾಗೆ. ಹನ್ನೆರಡರೊಳಗೆ ಒಣಗಬೇಕು."

ಮೆಸ್ಸಿನ ಒಲೆಯ ಬೂದಿ ತಂದು, ಕುದಿಸಿ, ತಿಳಿ ಬಸಿದು, ಜಲಜಾ ಕಟ್ಟಡದ ಹಿಂದಿನ ನಲ್ಲಿಯ ಬಳಿ ಕೂತಳು. ಕ್ಷಾರದ ನೀರಿಗೆ ಬೆರಳ ಸಂದುಗಳೆಲ್ಲ ಒಡೆದವು. ತಿಂಡಿಗೆ ಹೋಗಲು ಹೊತ್ತು ಸಿಗಲಿಲ್ಲ. ನಡುವೆ ಒಮ್ಮೆ ಎದ್ದುಬಂದು, ಶಾಲೆಗೆ ರಜೆಯೆಂದು ಅಮ್ಮನ ಜೊತೆ ಬಂದಿದ್ದ ವಿನೋದಾಳ ಎಂಟು ವರ್ಷದ ಮಗಳು ಪೂರ್ವಿಯ ಮೈಲೋ ಹಾಲಿನ ಲೋಟಕ್ಕೆ ನೊಣ ಕೂರದಂತೆ ತಟ್ಟೆ ಮುಚ್ಚಿ ಹೋದಳು. ಅದನ್ನು ಗಮನಿಸಿದವಳು ಪೂರ್ವಿ ಮಾತ್ರ. "ಥ್ಯಾಂಕ್ಯೂ ಆಂಟಿ," ಎಂದಳು.

ಮಧ್ಯಾಹ್ನ ಎರಡಕ್ಕೆ ಕಿಟಕಿಯಿಲ್ಲದ ಆ ಸಭಾಂಗಣ ತುಂಬಿತು. ಉದ್ದ ಮೇಜಿನ ಮೇಲೆ ಲಿನನ್ ಹಾಲು ಚೆಲ್ಲಿದಂತೆ ಹಾಸಿತ್ತು. ವಿನೋದಾ ಯಜಮಾನಿಯ ಪೀಠದಲ್ಲಿ, ಪಕ್ಕದಲ್ಲಿ ಪೂರ್ವಿ, ಸುತ್ತ ಹತ್ತು ವಿದ್ಯಾರ್ಥಿಗಳು. ಎಡ ಹೆಗಲ ಮೇಲೆ ಉದ್ದ ಒರೆಸುಬಟ್ಟೆ ಹೊತ್ತ ಒಬ್ಬ ವಿದ್ಯಾರ್ಥಿ ಎಲ್ಲರ ಕೈಗೆ ನೀರು ಹಾಕಿದ.

ಜಲಜಾ ಬಾಗಿಲ ಬಳಿಯಿಂದ ಮೆಲ್ಲನೆ ಬಂದಳು. "ಮೇಡಮ್, ಒಂದು ತುತ್ತು. ಒಣ ರೊಟ್ಟಿಯಾದರೂ ಸಾಕು. ನಿಮ್ಮ ಕೈಯಿಂದ."

"ವಿಡಿಯೋ ಆಗ್ತಾ ಉಂಟು ಜಲಜಾ. ಆಚೆ ನಿಲ್ಲು."

ಎಲ್ಲರೂ ಉಂಡರು. ಕೈಬಾಯಿಗಳನ್ನು ಮೇಜುಬಟ್ಟೆಯ ಇಳಿಬಿದ್ದ ಅಂಚಿಗೇ ಒರೆಸಿದರು. ಪೂರ್ವಿಯೂ ಒರೆಸಿದಳು. ಕಡೆಗೆ ವಿನೋದಾ ಕಚ್ಚಿಬಿಟ್ಟ ರೊಟ್ಟಿಯ ಚೂರುಗಳನ್ನೆಲ್ಲ ಒಂದು ತಟ್ಟೆಗೆ ಬಳಿದು ಎದ್ದು ನಿಂತಳು. ದೊಡ್ಡ ಮನೆಗಳಲ್ಲಿ ಊಟ ಮುಗಿದ ಮೇಲೆ ಹೀಗೆ ಮಿಕ್ಕಿದ್ದು ಹೊರಬಾಗಿಲ ಬಡವರಿಗೆ ಹೋಗುತ್ತಿತ್ತು ಎಂದು ವಿವರಿಸಿ, ಬಾಗಿಲ ಕಡೆ ಕೈ ತೋರಿಸಿದಳು. "ನಮ್ಮಲ್ಲಿ ಅದಕ್ಕೂ ಒಬ್ಬರು ಸಿದ್ಧ ಇದ್ದಾರೆ!"

ನಗು ಎದ್ದಿತು. ತಟ್ಟೆ ಜಲಜಾಳ ಒಡೆದ ಕೈಗಳಿಗೆ ಬಂತು. ಅವಳು ಅದನ್ನು ನೆಲದ ಮೇಲಿಟ್ಟು, ತಲೆ ತಗ್ಗಿಸಿ ಹೊರಗೆ ಹೋದಳು.

ಹೊರಗೆ ಗುಡುಗಿತು. ಮಧ್ಯಾಹ್ನದ ಮಳೆ ಒಮ್ಮೆಲೇ ಸುರಿಯಿತು. ದೀಪಗಳು ಹೋದವು.

ಗವ್ವೆನ್ನುವ ಕತ್ತಲು. ಮೊದಲು ಎಲ್ಲರೂ ನಕ್ಕರು. ಆಮೇಲೆ ಸದ್ದು ಕೇಳಿಸಿತು. ದಬ್. ದಬ್. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿಯುವ ಸದ್ದು, ಗೋಡೆಯ ಆಚೆಯಿಂದಲ್ಲ, ಮೇಜಿನ ಕೆಳಗಿನಿಂದ. ಅದರ ಹಿಂದೆಯೇ ಆ ವಾಸನೆ. ಹೊಗೆ. ಹುಳಿ ಗಂಜಿ. ಒದ್ದೆ ಕಲ್ಲು.

"ಅಮ್ಮಾ," ಎಂದಳು ಪೂರ್ವಿ. "ಐಯಾಮ್ ಸೋ ಹಂಗ್ರಿ."

"ಈಗಷ್ಟೇ ಉಂಡ್ಯಲ್ಲೇ?"

ಅಗಿಯುವ ಸದ್ದು ಬಂತು. ಒಣ, ದಪ್ಪ, ಬಿಡುವಿಲ್ಲದ ಅಗಿತ. ತಟ್ಟೆಗಳು ಸಣ್ಣಗೆ ಕಿಣಿಕಿಣಿ ಅಂದವು. ಒಂದು ಲೋಟ ಉರುಳಿ ಬಿತ್ತು. ಮೇಜಿನ ಮೇಲಿದ್ದುದೆಲ್ಲ ಒಂದೇ ಕಡೆಗೆ ಸರಿಯುತ್ತಿತ್ತು.

ಯಾರೋ ಫೋನಿನ ದೀಪ ಹಾಕಿದರು.

ಪೂರ್ವಿಯ ಬಾಯಲ್ಲಿ ಮೇಜುಬಟ್ಟೆಯ ಅಂಚಿತ್ತು. ಅವಳು ಅದನ್ನು ನುಂಗುತ್ತಿದ್ದಳು. ಒಂದು ಗೇಣು. ಇನ್ನೊಂದು ಗೇಣು. ಕೆನ್ನೆ ಉಬ್ಬಿತ್ತು, ಕಣ್ಣು ಮೇಲೆ ಸಿಕ್ಕಿತ್ತು. ಎರಡು ಕೈಗಳೂ ಸುಮ್ಮನೆ ತೊಡೆಯ ಮೇಲಿದ್ದವು. ಬಟ್ಟೆ ತಾನೇ ಒಳಗೆ ಹೋಗುತ್ತಿತ್ತು.

ವಿನೋದಾ ಹಿಡಿದೆಳೆದಳು. ಬಟ್ಟೆ ಹಿಂಡಿದಂತೆ ಮುರುಟಿ ಹಗ್ಗವಾಯಿತು. ಇಬ್ಬರು ವಿದ್ಯಾರ್ಥಿಗಳು ಸೇರಿ ಎಳೆದರು. ಬರಲಿಲ್ಲ. ಯಾರೋ ಆಂಬುಲೆನ್ಸ್ ಎಂದು ಕಿರುಚಿದರು. ಪ್ರದರ್ಶನಕ್ಕಿಟ್ಟ ಕತ್ತರಿ ಕೈಗೆ ಸಿಕ್ಕಿತು. ಕತ್ತರಿಸಿದಳು. ತುಂಡಾದ ಕೊನೆ ಹಾವಿನ ಬಾಲದಂತೆ ಸರ್ರನೆ ತುಟಿಯೊಳಗೆ ಜಾರಿತು. ಮಿಕ್ಕ ಬಟ್ಟೆ ಮೇಜಿನ ಮೇಲಿಂದ ಹರಿದು ಬಂದು ಮಗುವಿನ ಗಲ್ಲ ಮುಟ್ಟಿ, ಮತ್ತೆ ಬಾಯಿಗೆ ನುಗ್ಗಿತು.

ಮಗುವಿನ ತುಟಿ ನೀಲಿಯಾಗುತ್ತಿತ್ತು.

ಒಗೆದವರು ಉಣ್ಣುವ ಮೊದಲು.

ವಿನೋದಾ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದಳು. ಉಳಿದ ಉದ್ದದ ಬಟ್ಟೆ ಹಿಂದೆ ಎಳೆದುಕೊಂಡು ಬಂತು. ಬಾಗಿಲಲ್ಲಿದ್ದ ತಟ್ಟೆ ಎತ್ತಿಕೊಂಡಳು. ಕಟ್ಟಡದೊಳಗಿನ ಹಿಂದಿನ ಮೆಟ್ಟಿಲ ಮೇಲೆ, ಕತ್ತಲಲ್ಲಿ, ಜಲಜಾ ಕೂತಿದ್ದಳು.

"ಉಣ್ಣು! ಜಲಜಾ, ಉಣ್ಣು ಮಾರಾಯ್ತಿ!"

ಜಲಜಾ ಪೂರ್ವಿಯನ್ನು ನೋಡಿ ಚೀರಿ ಎದ್ದಳು. ಮಗುವನ್ನು ಎದೆಗವಚಿಕೊಂಡಳು. ತಟ್ಟೆ ನೋಡಿ ತಲೆಯಾಡಿಸಿದಳು. "ಎಂಜಲು ಮೇಡಮ್! ಅದು ಆಗುದಿಲ್ಲ! ಬೇರೆ ಏನುಂಟು? ಬೇಗ!"

ಬೇರೆ ಏನಿತ್ತು? ಎಲ್ಲದರಲ್ಲೂ ಯಾರದೋ ಹಲ್ಲಿತ್ತು. ಒಂದನ್ನು ಬಿಟ್ಟು. ಕ್ಯಾಂಟೀನಿನ ಅನ್ನ ಮುಟ್ಟಬಾರದೆಂದು ದಿನವೂ ಮನೆಯಿಂದ ತರುತ್ತಿದ್ದ ಸ್ಟೀಲ್ ಡಬ್ಬಿ. ವಿನೋದಾ ತನ್ನ ಕೋಣೆಗೆ ಓಡಿದಳು. ಬಂದಳು. ಮುಚ್ಚಳ ಬರಲಿಲ್ಲ. ಹಲ್ಲಿನಿಂದ ಕಿತ್ತಳು. ಮೊಸರನ್ನ. ಬೆರಳಲ್ಲಿ ತುತ್ತು ಮಾಡಿದಳು. ಜನ್ಮದಲ್ಲಿ ಮಗಳನ್ನು ಬಿಟ್ಟು ಯಾರ ಬಾಯಿಗೂ ಇಡದ ಕೈ. ಜಲಜಾಳ ಬಾಯಿಗಿಟ್ಟಳು.

ಒಂದು ತುತ್ತು. ಬಟ್ಟೆಯ ಬಿಗಿ ಸಡಿಲಿತು. ಎರಡು. ಒಂದು ಮೊಳ ಹೊರಬಂತು. ಮೂರನೆಯದಕ್ಕೆ ನಿಂತುಹೋಯಿತು.

ಜಲಜಾ ಬಾಯಿ ತೆರೆಯಲಿಲ್ಲ. ಅವಳ ಕಣ್ಣು ವಿನೋದಾಳನ್ನು ದಾಟಿ ಹಿಂದೆ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ನೆಟ್ಟಿತ್ತು.

"ಅವರಿಗೂ," ಎಂದಳು ಪಿಸುದನಿಯಲ್ಲಿ.

ವಿನೋದಾ ತಿರುಗಿದಳು. ಏನೂ ಕಾಣಿಸಲಿಲ್ಲ. ವಾಸನೆ ಮಾತ್ರ, ಉಸಿರುಗಟ್ಟುವಷ್ಟು ಹತ್ತಿರ. ಮೂಗು ಮುಚ್ಚಿಕೊಳ್ಳಲು ಕೈ ಎದ್ದಿತು. ಆ ಕೈಯನ್ನು ಅವಳು ಮುಂದೆ ಚಾಚಿದಳು. ಬೆರಳುಗಳ ಮೇಲೆ ತಣ್ಣನೆಯ ತುಟಿ ಕೂತಿತು. ನಾಲಗೆಯಿರಲಿಲ್ಲ, ಬೆಚ್ಚಗಿರಲಿಲ್ಲ. ಅನ್ನ ಹೋಯಿತು. ಆಮೇಲೆ ಹಲ್ಲುಗಳು ಮೆಲ್ಲನೆ, ಅಳತೆ ನೋಡುವಂತೆ, ಬೆರಳುಗಳ ಸುತ್ತ ಮುಚ್ಚಿಕೊಂಡವು.

ಅವಳು ಕೈ ಹಿಂದೆಗೆಯಲಿಲ್ಲ.

ಬೆನ್ನ ಹಿಂದೆ ಪೂರ್ವಿ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಕತ್ತರಿಸಿದ ತುಂಡಿನ ಸಮೇತ ಒದ್ದೆ ಬಟ್ಟೆ ರಾಶಿಯಾಗಿ ಮೆಟ್ಟಿಲ ಮೇಲೆ ಬಿತ್ತು. ಮಗು ಗಾಳಿ ಎಳೆದುಕೊಂಡು ಅಳತೊಡಗಿದಳು. ದೀಪ ಬಂತು.

ಪೂರ್ವಿ ಎರಡೇ ದಿನದಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದಳು. ಅವಳಿಗೆ ಏನೂ ನೆನಪಿರಲಿಲ್ಲ. ಬಟ್ಟೆ ಬೇವಿನೆಲೆಗಳ ನಡುವೆ ಪೆಟ್ಟಿಗೆ ಸೇರಿತು.

ವಿನೋದಾಳ ನಾಲ್ಕು ಬೆರಳುಗಳ ಮೇಲಿನ ಅರ್ಧಚಂದ್ರ ಮಾಯಲಿಲ್ಲ. ಆ ಗುರುವಾರ ಸಂಜೆ ಅವಳು ತಟ್ಟೆಗೆ ಅನ್ನ ಬಡಿಸಿಕೊಂಡು ಬಾಯಿಗಿಟ್ಟಳು. ಅದು ಗಂಟಲಲ್ಲಿ ಬಟ್ಟೆಯಾಯಿತು. ಒಣಗಿ, ಉಬ್ಬಿ, ಹೋಗದೆ ಬಾರದೆ ಕೂತಿತು. ಮರುದಿನವೂ ಹಾಗೆಯೇ. ಹೋಟೆಲಿನದ್ದೂ ಹಾಗೆಯೇ. ತಾನಾಗಿ ತೆಗೆದುಕೊಂಡದ್ದು, ಕೇಳಿ ಪಡೆದದ್ದು ಯಾವುದೂ ಇಳಿಯಲಿಲ್ಲ. ಕೇಳದೆ ಯಾರಾದರೂ ಕೊಟ್ಟದ್ದು ಮಾತ್ರ ಇಳಿಯುತ್ತಿತ್ತು, ಅದೂ ಹಿಂಬಾಗಿಲಲ್ಲಿ ನಿಂತರೆ. ಕ್ಲಾಂಗ್ ಬಂದರಿನಲ್ಲಿ ಕೆಲಸದಲ್ಲಿದ್ದ ಗಂಡ ರೋಹಿತ ವಾರಕ್ಕೊಮ್ಮೆ ಬಂದು ಡಾಕ್ಟರುಗಳನ್ನು ಬದಲಿಸಿದ. ಅವಳು ಅವನಿಗೂ ಹೇಳಲಿಲ್ಲ. ಯಾರಿಗೆ ಹೇಳುವುದು, ಏನೆಂದು ಹೇಳುವುದು?

ಈಗ ದಿನವೂ ಮಧ್ಯಾಹ್ನ ತರಗತಿ ಮುಗಿಸಿ ಅವಳು ಐತಪ್ಪನ ಮೆಸ್ಸಿನ ಹಿಂಬಾಗಿಲಿಗೆ ಬರುತ್ತಾಳೆ. ಪಾತ್ರೆ ತೊಳೆಯುವ ಕಲ್ಲಿನ ಪಕ್ಕ, ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾಳೆ. ಒಳಗೆ ತಟ್ಟೆಗಳ ಸದ್ದು, ನಗು, ಸಾರಿನ ಘಮ. ತನ್ನ ಸೀರೆಯಿಂದಲೇ ಬೂದಿನೀರಿನ ವಾಸನೆ ಏಳುತ್ತದೆ. ಎಷ್ಟು ಒಗೆದರೂ ಹೋಗದು. ದಾರಿಯಲ್ಲಿ ಹೋಗುವ ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತವೆ.

ಇಂದು ಮೆಸ್ಸಿನಲ್ಲಿ ಜನ ಹೆಚ್ಚು. ಅನ್ನ ಉಳಿಯುತ್ತದೋ ಇಲ್ಲವೋ, ಬಾಗಿಲು ಹಾಕಿಕೊಂಡರೆ ಏನು ಗತಿ ಎಂದು ಅವಳು ಬಾಗಿಲಿಗೆ ಕಿವಿಗೊಟ್ಟಳು. ಚಿಲಕ ಸರಿದ ಸದ್ದಾಯಿತು.

ಜಲಜಾ ಹೊರಗೆ ಬಂದಳು. ಕೈಯಲ್ಲಿ ಬಾಳೆಲೆಯ ಪೊಟ್ಟಣ, ಇನ್ನೂ ಹಬೆಯಾಡುತ್ತಿತ್ತು. ಬಡಿಸಲು ಶುರುಮಾಡುವ ಮೊದಲೇ, ತಪ್ಪಲೆಯ ಮೇಲಿನಿಂದ ತೆಗೆದು ಒಲೆಯ ಪಕ್ಕ ಬೆಚ್ಚಗಿಟ್ಟದ್ದು. ಕಲೆಗಟ್ಟಿದ ಆ ಬೆರಳುಗಳ ಕಡೆ ನೋಡದೆ, ಎರಡೂ ಕೈಯಲ್ಲಿ ಹಿಡಿದು ಪೊಟ್ಟಣವನ್ನು ಮುಂದೆ ನೀಡಿದಳು.