ಕರಿಗುಡ್ಡದ ಹೊಟ್ಟೆ

ಬೆಳಗಿನ ಒಂಬತ್ತಕ್ಕೆ ಕರಿಗುಡ್ಡದ ಒಳಗೆ ಹೊಟ್ಟೆ ತುತ್ತು ತೆಗೆದುಕೊಳ್ಳುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಸುರಂಗದ ತುದಿಯಿಂದ ಉಕ್ಕಿನ ಕೈಯೊಂದು ಬೆರಳು ದಪ್ಪದ ಕಡ್ಡಿಯನ್ನು ತಂದು, ಕರಗಿದ ಸೀಸ ತುಂಬಿದ ಬಾವಿಗೆ ನಿಧಾನಕ್ಕೆ ಇಳಿಸುತ್ತಿತ್ತು, ಅಷ್ಟೆ. ಅದನ್ನು ಕಟ್ಟಿದ ವಿಜ್ಞಾನಿ ಡಾ. ಇಂದುಧರ ಹಾದಿಮನಿ ಅದಕ್ಕೆ ಉದ್ದನೆಯ ಹೆಸರೊಂದನ್ನು ಇಟ್ಟಿದ್ದರು. ಆ ಹೆಸರು ಅವರ ಬಾಯಿ ಬಿಟ್ಟು ಇನ್ನಾರ ಬಾಯಲ್ಲೂ ನಿಲ್ಲಲಿಲ್ಲ. ಅರಗದ್ದನ್ನು ಅರಗಿಸುತ್ತದೆ, ಆದ್ದರಿಂದ ಊರು ಅದನ್ನು ಹೊಟ್ಟೆ ಎಂದು ಕರೆಯಿತು.

ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನದ ಕಡ್ಡಿಗಳು ಮುಗಿದವೆಂದು ಸುಮ್ಮನಿರುವುದಿಲ್ಲ. ಅವುಗಳೊಳಗಿನ ಕೆಲವು ಭಾರದ ಪರಮಾಣುಗಳು ಹತ್ತಾರು ಸಾವಿರ ವರ್ಷ ವಿಕಿರಣ ಸೂಸುತ್ತಲೇ ಇರುತ್ತವೆ. ಹೊಟ್ಟೆ ಪ್ರೋಟಾನುಗಳ ಧಾರೆಯೊಂದನ್ನು ಬೆಳಕಿನ ವೇಗದ ಹತ್ತಿರಹತ್ತಿರ ಓಡಿಸಿ ಆ ಸೀಸಕ್ಕೆ ಗುದ್ದಿಸುತ್ತಿತ್ತು. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸೀಸದಿಂದ ನ್ಯೂಟ್ರಾನುಗಳು ಸಿಡಿದು, ಆ ಹಠಮಾರಿ ಪರಮಾಣುಗಳನ್ನು ಒಡೆಯುತ್ತಿದ್ದವು. ಒಡೆದ ಚೂರುಗಳು ಮುನ್ನೂರು ನಾನೂರು ವರ್ಷಕ್ಕೆ ತಣ್ಣಗಾಗುತ್ತವೆ. ಧಾರೆ ನಿಲ್ಲಿಸಿದರೆ ಒಡೆಯುವುದೂ ನಿಂತಂತೆ, ನಲ್ಲಿ ತಿರುಗಿಸಿದ ಹಾಗೆ. ಮುನ್ನೂರು ವರ್ಷವೇನು ಕಡಿಮೆಯೇ ಎಂದು ಕೇಳಿದರೆ, ಹತ್ತಾರು ಸಾವಿರದ ಮುಂದೆ ಕಡಿಮೆಯೇ.

ಒಡೆಯುವಾಗ ಹುಟ್ಟುವ ಶಾಖ ಎರಡು ಗೋಡೆ ದಾಟಿ, ಬೇರೆಯದೇ ನೀರನ್ನು ಕಾಯಿಸಿ, ಹಬೆಯಾಗಿ ಗುಡ್ಡದ ಕೆಳಗಿನ ಅಡುಗೆಮನೆಗೆ ಬರುತ್ತಿತ್ತು. ಅಲ್ಲಿ ನಲವತ್ತು ಶಾಲೆಗಳ ಮಕ್ಕಳಿಗೆ ಅನ್ನ ಬೇಯುತ್ತಿತ್ತು. ಉಳಿದ ಹಬೆ ಬೋರಿನ ಸವಳು ನೀರನ್ನು ಸಿಹಿನೀರು ಮಾಡುತ್ತಿತ್ತು. ಮೊದಮೊದಲು ‘ಅಣುಬಾಂಬಿನ ಅನ್ನ’ ಎಂದು ಮಕ್ಕಳನ್ನು ಉಪವಾಸ ಕೂರಿಸಿದ್ದ ತಾಯಂದಿರೇ ಈಗ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಜಗಳಕ್ಕೆ ಬರುತ್ತಿದ್ದರು. ಬಂದವರನ್ನು ಗಾಳೆಮ್ಮ ನೋಡಿಕೊಳ್ಳುತ್ತಿದ್ದಳು. ಆ ಅಡುಗೆಮನೆಯ ಹಿರಿಯ ಅಡುಗೆಯವಳು ಅವಳು. ವಯಸ್ಸು ನಲವತ್ನಾಲ್ಕು. ನಾಲಗೆ ಒಗ್ಗರಣೆಗಿಂತ ಬಿಸಿ.

ಅದು 2068ನೇ ಇಸವಿ. ಅಷ್ಟು ಹೊತ್ತಿಗೆ ಒಂದು ಕಾನೂನು ಬಂದಿತ್ತು. ಸಂಶೋಧನೆಗೆ ಕೊಡುವ ಸರ್ಕಾರಿ ಹಣ ಜನರ ಹಣ. ಅದು ಯಾರಿಗೆ ಹೋಗಬೇಕೆಂದು ಜಿಲ್ಲೆಯ ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ಇಪ್ಪತ್ತೊಂದು ಜನ ಹೇಳಬೇಕು. ವಾದ ಕೇಳಬೇಕು, ಪ್ರಶ್ನೆ ಕೇಳಬೇಕು, ಕೊನೆಗೆ ಕಾರಣ ಬರೆದುಕೊಡಬೇಕು. ಜನ ಅದನ್ನು ಚೀಟಿ ಮಂಡಳಿ ಎನ್ನುತ್ತಿದ್ದರು. ಆ ವರ್ಷ ಹಣ ಒಂದೇ ಗಂಟು, ಅರ್ಜಿ ಎರಡು. ಒಂದು ಹಾದಿಮನಿಯವರದು: ಹೊಟ್ಟೆ ಇನ್ನೂ ಹತ್ತು ವರ್ಷ ನಡೆಯಲು. ಇನ್ನೊಂದು ಮಣ್ಣುವಿಜ್ಞಾನಿ ಫರ್ಹಾನಾ ನದಾಫಳದು: ಕಾಲುವೆಯ ಕೆಳಗಿನ ಸವಳು ಭೂಮಿಯ ಉಪ್ಪನ್ನು ಹೀರುವ ಹುಲ್ಲು ಬೆಳೆಸಲು. ಗಂಟನ್ನು ಇಬ್ಬರಿಗೆ ಹಂಚುವ ಹಾಗಿಲ್ಲ; ಬೇಕಾದರೆ ಅರ್ಜಿಯ ಒಂದು ಭಾಗಕ್ಕೆ ಬೇಡ ಎನ್ನಬಹುದು.

ಚೀಟಿಯಲ್ಲಿ ಗಾಳೆಮ್ಮನ ಹೆಸರು ಬಂತು. ಅವಳು ಮಂಡಳಿಗೆ ಹೋಗುವ ಮೊದಲೇ ತೀರ್ಮಾನ ಮಾಡಿಯಾಗಿತ್ತು. ಕಾಲುವೆಯ ಕೆಳಗೆ ಅವಳ ನಾಲ್ಕೆಕರೆ ಹೊಲ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಬಿದ್ದಿತ್ತು. ಅಲ್ಲಿ ಜಾಲಿಯೂ ಮುಖ ಮುರಿದುಕೊಂಡು ಬೆಳೆಯುತ್ತಿತ್ತು.

ಸಮುದಾಯ ಭವನದಲ್ಲಿ ಹಾದಿಮನಿ ಅರ್ಧ ಗಂಟೆ ಮಾತಾಡಿದರು. ಅರವತ್ತರ ಮನುಷ್ಯ, ಬಗ್ಗಿದ ಬೆನ್ನು. ಹನ್ನೆರಡು ವರ್ಷ ಗುಡ್ಡದ ಒಳಗೆ ದುಡಿದು ಬಿಸಿಲನ್ನೇ ಮರೆತ ಬಣ್ಣ. “ಸುರಂಗದಾಗ ಉರಿದ ಕಡ್ಡಿ ತುಂಬಿದ ನಾಲ್ಕು ನೂರಾ ಹನ್ನೆರಡು ಡಬ್ಬಿ ಅದಾವ. ಇಲ್ಲೀತನಕ ಅರಗಿಸಿದ್ದು ಮೂವತ್ತೊಂದು. ಈ ಕೆಲಸ ಯಾವ ಕಂಪನೀನೂ ಮಾಡಂಗಿಲ್ಲ, ಯಾಕಂದ್ರ ಇದರಾಗ ಲಾಭ ಇಲ್ಲ. ಅದಕ್ಕ ಸರ್ಕಾರದ ಹಣ ಕೇಳಾಕತ್ತೀನಿ” ಎಂದರು.

ಗಾಳೆಮ್ಮ ಎದ್ದು ನಿಂತಳು. “ಸರ, ಒಂದ್ ಮಾತು. ಲಾಭ ಇದ್ದಾಗ ಯಾರದಿತ್ರೀ?”

ಹಾದಿಮನಿ ಕನ್ನಡಕ ತೆಗೆದರು.

“ಆ ಡಬ್ಬಿ ಹುಟ್ಟಿದ್ದು ಇಲ್ಲಲ್ಲ. ಯಾವ ಯಾವ ಊರಾಗೋ ಕರೆಂಟ್ ಮಾಡಿದ್ರು. ಮಾಲ್‌ನಾಗ ಹಗಲೊತ್ತಿನ್ಯಾಗ ಸಾವಿರ ದೀಪ ಹಚ್ಚಿದ್ರು. ಏಸಿ ಹಚ್ಚಿ ಮೈ ತಣ್ಣಗ ಮಾಡ್ಕೊಂಡು ಕಂಬಳಿ ಹೊದ್ದು ಮಲಗಿದ್ರು. ಬೂದಿ ಇಡಾಕ ಜಾಗ ಬೇಕಾದಾಗ ಜೋರು ಬಾಯಿ ಇದ್ದ ಊರು ಬ್ಯಾಡ ಅಂದ್ವು. ನಮಗ ಬಾಯಿ ಇರಲಿಲ್ಲ, ಗುಡ್ಡ ಇತ್ತು. ಉಂಡೋರು ಅವರು, ಎಂಜಲೆಲೆ ಎತ್ತೋರು ನಾವು. ಇಷ್ಟು ದಿನ ಜಾತಿ ನೋಡಿ ಎಲೆ ಎತ್ತಿಸಿದ್ರಿ, ಈಗ ಊರು ನೋಡಿ ಎತ್ತಿಸಾಕತ್ತೀರೇನು?”

ಭವನ ಚಪ್ಪಾಳೆ ತಟ್ಟಿತು. ಸಿಟ್ಟು ಸುಳ್ಳಿನದಾಗಿರಲಿಲ್ಲ. ಕರೆಂಟು ಉರಿಸಿದ ಆ ಕಾಲದವರು ಪೆದ್ದರೇನೂ ಅಲ್ಲ. ಬೂದಿ ಉಳಿಯುತ್ತದೆಂದು ತಮ್ಮ ಪುಸ್ತಕಗಳಲ್ಲೇ ಬರೆದುಕೊಂಡಿದ್ದರು. ಮುಂದಿನವರು ಬುದ್ಧಿವಂತರಾಗಿರುತ್ತಾರೆ, ಏನಾದರೂ ಮಾಡುತ್ತಾರೆ ಎಂದೂ ಬರೆದುಕೊಂಡಿದ್ದರು. ಇನ್ನೊಬ್ಬರ ಬುದ್ಧಿಯನ್ನು ನಂಬಿ ಇಷ್ಟು ನಿಶ್ಚಿಂತೆಯಿಂದ ಕೈ ತೊಳೆದುಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ.

ಚಪ್ಪಾಳೆ ಅಡಗಿದ ಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮಂಡಳಿಯ ಇನ್ನೊಬ್ಬ ಸದಸ್ಯ, ನಿವೃತ್ತ ಲೈನ್‌ಮನ್ ಸಂಗನಬಸಪ್ಪ. ಎಪ್ಪತ್ತರ ಹತ್ತಿರದ ಮುದುಕ. ಅವನು ಹತ್ತದ ಕಂಬ ಆ ಸುತ್ತಿನಲ್ಲಿ ಇರಲಿಲ್ಲ.

“ಗಾಳೆಮ್ಮ, ಚಲೋ ಮಾತಾಡಿದಿ. ಆದ್ರ ಖರೆ ಅರ್ಧಾನ ಹೇಳಿದಿ.”

“ಉಳಿದರ್ಧಾ ನೀ ಹೇಳು ಕಾಕಾ. ನಿನ್ನ ಬಾಯಿಗೆ ಫ್ಯೂಸ್ ಹಾಕಿದೋರು ಯಾರು?”

ಜನ ನಕ್ಕರು. ಮುದುಕ ನಗಲಿಲ್ಲ. “ನಿಮ್ಮವ್ವ ಬಸಲಿಂಗವ್ವ. ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕ್ಸಿದ್ಲು, ನೆನಪೈತೇನು? ಕರೆಂಟ್ ಬಂದ್ರ ಸಾಕು, ತಾನ ಚಾಲೂ ಆಗೋದು. ಬಿಲ್ ಇಲ್ಲ, ಪುಕ್ಕಟೆ. ಕಾಲುವಿಗೆ ಪೈಪ್ ಇಳಿಬಿಟ್ಟು ಮದುವೀಗೆ ಹೋದ್ಲಂದ್ರ ಮೂರ್ ದಿನಾ ನೀರು ನಿಂತಿರೋದು ಹೊಲದಾಗ. ‘ಯವ್ವಾ, ಆಟೋ ತೆಗಿ, ಭೂಮಿ ಸವಳಾಕ್ಕತಿ’ ಅಂತ ಕಂಬದ ಮ್ಯಾಲಿಂದ ನೂರು ಸಲ ಒದರೀನಿ. ‘ನಿನ್ನ ಅಪ್ಪನ ಕರೆಂಟೇನಲೇ’ ಅಂತಿದ್ಲು.”

“ಕಾಕಾ, ಅದಕ್ಕೂ ಇದಕ್ಕೂ ಏನ್ ಸಂಬಂಧ?”

“ತಂತಿಯೊಳಗಿನ ಕರೆಂಟಿಗೆ ಊರ ಹೆಸರು ಇರಂಗಿಲ್ಲ ತಂಗಿ. ಡ್ಯಾಮಿನದು, ಕಲ್ಲಿದ್ದಲಿಂದು, ಅಣುವಿಂದು, ಎಲ್ಲಾ ಕೂಡೇ ಬರತಿತ್ತು. ಮಾಲ್‌ನಾಗ ದೀಪ ಹಚ್ಚಿದ್ದೂ ಅದ. ನಿಮ್ಮ ಮೋಟಾರ್ ಓಡಿಸಿದ್ದೂ ಅದ.”

ಗಾಳೆಮ್ಮ ಕೂತಳು. ನೀರು ನಿಂತು, ನೆಲದಡಿಯ ಉಪ್ಪನ್ನು ಮೇಲಕ್ಕೆಳೆದು, ತಾನು ಆವಿಯಾಗಿ, ಉಪ್ಪನ್ನು ಬಿಟ್ಟು ಹೋಗಿತ್ತು. ಈ ಪಾಠವನ್ನು ಫರ್ಹಾನಾ ಅವಳಿಗೆ ಹತ್ತು ಸಲ ಹೇಳಿದ್ದಳು. ಆದರೆ ನೀರೆತ್ತಿದ ಮೋಟಾರನ್ನು ಯಾವುದು ಓಡಿಸಿತು ಎಂದು ಯಾರೂ ಕೇಳಿರಲಿಲ್ಲ. ಒಂದೇ ಕರೆಂಟು ಎರಡು ಕಡೆ ಎಂಜಲು ಬಿಟ್ಟಿತ್ತು: ಗುಡ್ಡದೊಳಗೆ ಡಬ್ಬಿ, ಹೊಲದ ಮೇಲೆ ಉಪ್ಪು. ಆ ಹೊಲದ ಎರಡು ಬೆಳೆ ಭತ್ತದ ಅನ್ನ ತಿಂದು ಬೆಳೆದವಳು ಯಾರು? ಅವಳೇ.

ಊಟದ ಬಿಡುವಿನಲ್ಲಿ ಅವಳು ಊಟಕ್ಕೆ ಹೋಗದೆ ಹೊಲಕ್ಕೆ ಹೋದಳು. ಹಿಂದೆಯೇ ಫರ್ಹಾನಾ ಸ್ಕೂಟರಿನಲ್ಲಿ ಬಂದಳು.

“ಅಕ್ಕಾ, ಸಂಗನಬಸಪ್ಪಜ್ಜನ ಮಾತು ತಲಿಗೆ ಹಚ್ಕೋಬ್ಯಾಡ್ರಿ. ನಿಮ್ಮವ್ವ ಒಬ್ಬಾಕೀನ ಮಾಡಿದ್ದಲ್ಲ. ಆಗ ಎಲ್ಲಾರ ಮೋಟಾರಿಗೂ ಆಟೋನ ಇತ್ತು.”

“ಎಲ್ಲಾರೂ ಮಾಡಿದ್ರ ಉಪ್ಪು ಕಡಿಮಿ ಆಕ್ಕತೇನು?” ಗಾಳೆಮ್ಮ ಬಗ್ಗಿ ಹಿಡಿಯಷ್ಟು ಬಿಳಿಮಣ್ಣು ಎತ್ತಿದಳು. “ಖರೆ ಹೇಳು. ಈ ಸಲ ನಿನಗ ರೊಕ್ಕ ಸಿಗಲಿಲ್ಲ ಅಂದ್ರ ಈ ಉಪ್ಪು ಏನ್ ಮಾಡ್ತೈತಿ?”

ಫರ್ಹಾನಾ ಸುಳ್ಳು ಹೇಳಬಹುದಿತ್ತು. ಅವಳ ನಾಲ್ಕು ವರ್ಷದ ಕೆಲಸ ಆ ಒಂದು ಉತ್ತರದ ಮೇಲೆ ನಿಂತಿತ್ತು. “ಉಪ್ಪು ಎಲ್ಲಿಗೂ ಓಡಂಗಿಲ್ಲ ಅಕ್ಕಾ. ಹತ್ತು ವರ್ಷ ಬಿಟ್ರೂ ಇಲ್ಲೇ ಬಿದ್ದಿರ್ತೈತಿ. ಓಡೋದಾದ್ರ ನಾನ ಓಡಬೇಕು, ಬ್ಯಾರೆ ನೌಕರಿ ಹುಡುಕ್ಕೊಂಡು.”

“ಹೊಟ್ಟೆ?”

“ಅದನ್ನ ಅವರ್ನ ಕೇಳ್ರಿ.”

ಮಧ್ಯಾಹ್ನ ಗಾಳೆಮ್ಮ ಅದನ್ನೇ ಕೇಳಿದಳು. ಹಾದಿಮನಿ ಸುತ್ತಿ ಬಳಸಲಿಲ್ಲ. “ಸೀಸ ಕರಗಿರಬೇಕಂದ್ರ ಮುನ್ನೂರಿಪ್ಪತ್ತೇಳು ಡಿಗ್ರಿಗಿಂತ ಬಿಸಿ ಇರಬೇಕ್ರಿ. ಹಣ ನಿಂತ್ರ ಬಿಸಿ ನಿಂತಂಗ. ಸೀಸ ಕೊಳವಿಯೊಳಗ ಗಟ್ಟಿ ಆಕ್ಕತಿ, ತಿರುಗಿ ಕರಗಿಸಾಕ ಹೋದ್ರ ಕೊಳವಿ ಬಿರೀತಾವ. ಮತ್ತ ಚಾಲೂ ಆಗಂಗಿಲ್ಲ. ಸತ್ತ ಹೊಟ್ಟೆಗೆ ಔಷಧ ಇಲ್ಲ.”

“ನಿಮ್ಮ ಅರ್ಜಿಯಾಗ ಆರನೇ ಪುಟದಾಗ ಇನ್ನೊಂದು ಐತಲ್ರೀ? ಹೊಸ ಅಣುಸ್ಥಾವರದ ನಕ್ಷೆ ಬರಿಯಾಕ ರೊಕ್ಕ ಅಂತ.”

ಮಂಡಳಿಯವರೆಲ್ಲ ಹಾಳೆ ತಿರುವಿದರು. ಆರನೇ ಪುಟದವರೆಗೆ ಬಹಳ ಜನ ಹೋಗಿರಲಿಲ್ಲ. ಶಾಲೆಯ ಅಡುಗೆಗೆ ಬರುವ ಅಕ್ಕಿಚೀಲದ ಕಟ್ಟಕಡೆಯ ಮೂಲೆಯಲ್ಲೇ ಹುಳ ಇರುವುದೆಂದು ಗಾಳೆಮ್ಮನಿಗೆ ಗೊತ್ತಿತ್ತು.

ಹಾದಿಮನಿಯವರ ಮುಖ ಕೆಂಪಾಯಿತು. “ಹೌದ್ರಿ. ಅರಗಿಸಾಕ ಹೊಟ್ಟೆ ಐತಿ ಅಂದಮ್ಯಾಲೆ ಹೊಸದು ಕಟ್ಟಾಕ ಅಡ್ಡಿ ಇಲ್ಲ ಅಂತ ನನ್ನ ವಿಚಾರ. ಬಿಸಿಲು ಗಾಳಿ ಎರಡೂ ಇಲ್ಲದ ದಿನ ದವಾಖಾನಿ ನಡೀಬೇಕು. ಅದು ಸುಳ್ಳಲ್ಲ.”

“ಸುಳ್ಳು ಅನ್ನಲ್ಲ ಸರ. ಆದ್ರ ಅಜೀರ್ಣಕ್ಕ ಗುಳಿಗಿ ಸಿಕ್ತು ಅಂತ ಯಾರಾದ್ರೂ ಇನ್ನೊಂದು ಪಂಗ್ತಿ ಊಟಕ್ಕ ಕುಂದರ್ತಾರೇನು? ಮೊದಲಿಂದು ಇನ್ನೂ ಮೂವತ್ತೊಂದ ಅರಗೈತಿ.”

ಮತ ಹಾಕುವ ಮೊದಲು ಪ್ರತಿಯೊಬ್ಬರೂ ತಮ್ಮ ಮಾತು ಹೇಳಬೇಕಿತ್ತು. ಗಾಳೆಮ್ಮನ ಸರದಿ ಬಂದಾಗ ಭವನ ಅವಳಿಂದ ಬೈಗುಳ ನಿರೀಕ್ಷಿಸಿತು. ಅವಳು ಮೆಲ್ಲಗೆ ಮಾತಾಡಿದಳು.

“ನಾ ಬಂದಿದ್ದು ಹೊಲಕ್ಕ ಓಟ್ ಹಾಕಾಕ. ನನಗ ಆ ಹೊಲ ಬೇಕು, ಅದರಾಗೇನು ನಾಚಿಕಿಲ್ಲ. ಆದ್ರ ಉಪ್ಪು ಕಣ್ಣಿಗೆ ಕಾಣ್ತೈತಿ. ಹಾದ್ಯಾಗ ಹೋಗೋ ಸಣ್ಣ ಹುಡುಗ್ರೂ ‘ಇದು ಸವಳು’ ಅಂತಾವ. ಕಾಣೋದನ್ನ ಇವತ್ತಲ್ಲ ನಾಳೆ ಯಾರಾದ್ರೂ ಉಡುಗತಾರ. ಗುಡ್ಡದೊಳಗಿಂದು ಕಾಣಂಗಿಲ್ಲ. ಬಾಗ್ಲಾ ಹಾಕಿದ್ವಿ ಅಂದ್ರ ಎರಡು ತಲಿಮಾರಿಗೆ ಮರೀತೀವಿ, ಮೂರನೇ ತಲಿಮಾರು ಅಲ್ಲೇ ಕಲ್ಲು ಒಡಿಯಾಕ ಹೋಗ್ತೈತಿ. ಅದಕ್ಕ ನನ್ನ ಓಟು ಹೊಟ್ಟೆಗೆ. ಆರನೇ ಪುಟಕ್ಕ ಒಂದ್ ಪೈ ಇಲ್ಲ. ಹೊಸದು ಬೇಕು ಅನ್ನೋರು ಮೊದಲು ಎಲೆ ಎತ್ತೋ ರೊಕ್ಕ ತೆಗೆದಿಟ್ಟು, ಎತ್ತೋರ ಹೆಸರು ಬರದು, ಆಮ್ಯಾಲೆ ಎಲೆ ಹಾಕ್ಲಿ.”

ಹದಿಮೂರು ಜನ ಅವಳ ಕಡೆ, ಎಂಟು ಜನ ಹೊಲದ ಕಡೆ. ಸಂಗನಬಸಪ್ಪ ಹೊಲಕ್ಕೇ ಓಟು ಹಾಕಿದ. ಯಾಕೆ ಕಾಕಾ ಎಂದರೆ, “ಕಂಬದ ಮ್ಯಾಲಿಂದ ಒದರಿದ್ದು ಸಾಕಾಗಿತ್ತವ್ವ. ಸಾಯೋದ್ರೊಳಗ ಒಂದ್ ಸಲ ಆ ಹೊಲ ಹಸರಾಗಿದ್ದು ನೋಡಬೇಕಿತ್ತು” ಎಂದ. ಫರ್ಹಾನಾ ಎಲ್ಲರ ಮುಂದೆ ಗಾಳೆಮ್ಮನ ಕೈ ಕುಲುಕಿದಳು. ಸ್ಕೂಟರ್ ಹತ್ತುವಾಗ ಮಾತ್ರ ಹಿಂತಿರುಗಿ ನೋಡಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂದು ಗಾಳೆಮ್ಮನಿಗೆ ಅನಿಸಲಿಲ್ಲ. ಎರಡು ಎಂಜಲೆಲೆಗಳಲ್ಲಿ ಒಂದನ್ನು ಎತ್ತಿ ಇನ್ನೊಂದನ್ನು ಬಿಟ್ಟು ಬಂದವರಿಗೆ ಹೇಗನಿಸಬೇಕೋ ಹಾಗನಿಸಿತು.

ಕಾರಣ ಬರೆಯುವಾಗ ಗುಮಾಸ್ತ ಕೇಳಿದ, “ಮ್ಯಾಲೆ ‘ಇವರಿಗೆ’ ಅಂತ ಐತಿ. ಹೊಟ್ಟೆ ನಡೆಸೋ ಸಂಸ್ಥೆಯ ನಿರ್ದೇಶಕರಿಗೆ ಅಂತ ಬರೀಲಾ?”

“ಅವರಿಗ್ಯಾಕ? ಅವರಿಗೆ ಗೊತ್ತೈತಿ. ಕರೆಂಟ್ ಉರಿಸಿದೋರಿಗೆ ಅಂತ ಬರಿ.”

“ಅಕ್ಕಾರ, ಅಂಥಾ ವಿಳಾಸ ಇಲ್ಲ.”

“ಉರಿಸಿದ ವರ್ಷ ಹಾಕು. ಅದ ವಿಳಾಸ.”

ಮುಂದಿನ ಸೋಮವಾರ ಮೂವತ್ತೆರಡನೆಯ ಡಬ್ಬಿಯನ್ನು ಸುರಂಗದ ಬಾಯಿಗೆ ತಂದರು. ಕಾನೂನಿನಂತೆ ಮಂಡಳಿಯ ಕಾರಣಪತ್ರವನ್ನು ಅದಕ್ಕೆ ಅಂಟಿಸಬೇಕಿತ್ತು. ಹೆಸರಿಗೆ ಡಬ್ಬಿ, ಕಂಡರೆ ಆಳೆತ್ತರದ ಕಾಂಕ್ರೀಟಿನ ಗುಡಾಣ. ಒಳಗೆ ಉಕ್ಕು, ಉಕ್ಕಿನೊಳಗೆ ಕಡ್ಡಿಗಳು. ಹೊರಮೈಗೆ ಬಡಿದ ತಗಡಿನ ಮೇಲೆ ಉರಿದ ವರ್ಷ ಬರೆದಿತ್ತು: 2026. ಹಾದಿಮನಿ ಅಳತೆಯ ಯಂತ್ರ ಹಿಡಿದು ನೋಡಿ, “ಐದು ನಿಮಿಷ ನಿಂತ್ರ ಏನೂ ಆಗಂಗಿಲ್ಲ, ಮುಟ್ಟಬಹುದು” ಎಂದರು.

ಗಾಳೆಮ್ಮ ಕಾಗದ ಅಂಟಿಸಿ, ಅದು ಕೂರಲೆಂದು ಅಂಗೈಯಿಂದ ಒತ್ತಿದಳು. ಒತ್ತಿದವಳು ಕೈ ಹಿಂತೆಗೆದಳು. ಮತ್ತೆ ಇಟ್ಟಳು.

“ಸರ, ಇದು ಬೆಚ್ಚಗೈತಲ್ರೀ!”

“ಹೌದ್ರಿ. ನಲವತ್ತೆರಡು ವರ್ಷ ಆತು. ಇನ್ನೂ ಆರಿಲ್ಲ.”

ಅವಳು ಕೈ ತೆಗೆಯಲಿಲ್ಲ. ಅದು ಬೆಂಕಿಯ ಬಿಸಿಯಾಗಿರಲಿಲ್ಲ. ಬಸ್ಸಿನಲ್ಲಿ ಯಾರೋ ಈಗಷ್ಟೇ ಎದ್ದುಹೋದ ಸೀಟಿನಲ್ಲಿ ಕೂತಾಗ ತಾಗುವ ಬಿಸಿಯ ಹಾಗಿತ್ತು. ಕೂತಿದ್ದವರು ಯಾರೋ ಗೊತ್ತಿಲ್ಲ. ಆದರೆ ಬಹಳ ದೂರ ಹೋಗಿರಲಿಕ್ಕಿಲ್ಲ. ಕರೆದರೆ ಇನ್ನೂ ಕೇಳಿಸೀತು.